ಹನಿ ಹೊರಗೆ, ಆವಿ ಒಳಗೆ: ಚಾರಣದ ಸಾಮಾನು ಮತ್ತು ನಮ್ಮ ಮಳೆಗಾಲ

ನವೆಂಬರ್ ಬಂತೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುತ್ತವೆ. ಹುಬ್ಬಳ್ಳಿ-ಧಾರವಾಡದ ಮನೆಗಳ ಅಟ್ಟದಿಂದ ದುರ್ಬೀನು, ಕ್ಯಾಮೆರಾ, ಟೆಂಟು ಕೆಳಗಿಳಿಯುವುದೂ ಅದೇ ಹೊತ್ತಿಗೆ. ಹಾಗೆ ಇಳಿಸಿದ ದುರ್ಬೀನನ್ನು ಬೆಳಕಿಗೆ ಹಿಡಿದರೆ ಕೆಲವೊಮ್ಮೆ ಗಾಜಿನ ಒಳಮೈಯಲ್ಲಿ ಕವಲೊಡೆದ ಬಿಳಿ ಎಳೆಗಳು ಕಾಣುತ್ತವೆ. ಅದು ಬೂಷ್ಟು. ಅದು ಬಿಡುವ ಆಮ್ಲ ಮಸೂರದ ಮೇಲಿನ ತೆಳು ಲೇಪವನ್ನು ತಿನ್ನುತ್ತದೆ. ಎಳೆ ಒರೆಸಿ ತೆಗೆದರೂ ಗುರುತು ಉಳಿದುಬಿಡಬಹುದು. ಇಟ್ಟಿದ್ದ ಡಬ್ಬಿಯಾದರೂ ಒಳ್ಳೆಯದೇ. ನಾಲ್ಕು ಕಡೆ ಕ್ಲಿಪ್ಪು, ಸುತ್ತ ರಬ್ಬರ್ ಪಟ್ಟಿ. ಇಡೀ ಮಳೆಗಾಲ ಒಂದು ಹನಿ ನೀರೂ ಒಳಗೆ ಹೋಗಿಲ್ಲ.

ಡಬ್ಬಿ ತನ್ನ ಕೆಲಸ ಮಾಡಿದೆ. ಹೊರಗಿನ ನೀರನ್ನು ಹೊರಗೇ ನಿಲ್ಲಿಸಿದೆ. ಒಳಗಿದ್ದ ತೇವವನ್ನೂ ಅಷ್ಟೇ ನಿಷ್ಠೆಯಿಂದ ಒಳಗೇ ಹಿಡಿದಿಟ್ಟಿದೆ. ಜಲನಿರೋಧಕ ಡಬ್ಬಿ, ಚೀಲ, ಡ್ರಮ್ಮು ಕೊಳ್ಳುವಾಗ ನಾವು ಮರೆಯುವುದು ಈ ಎರಡನೆಯ ಅರ್ಧವನ್ನು. ಅಂಗಡಿಯಲ್ಲಿ ‘ಒಂದ್ ಹನಿ ನೀರ ಸೈತ ಒಳಗ ಹೋಗೂದಿಲ್ರೀ’ ಅನ್ನುತ್ತಾರೆ; ಅದು ನಿಜವೂ ಇರುತ್ತದೆ. ಆದರೆ ನಮ್ಮ ಸೀಮೆಯಲ್ಲಿ ಸಾಮಾನು ಹಾಳಾಗುವುದು ಹನಿಯಿಂದಲ್ಲ, ಹೆಚ್ಚಾಗಿ ಆವಿಯಿಂದ. ದಾಂಡೇಲಿಯ ಕಾಳಿ ನದಿಗೆ ರಾಫ್ಟಿಂಗ್‌ಗೆ ಹೋದವರಿಗೆ ಹನಿಯ ಚಿಂತೆ ಇರಲಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮನೆಯಲ್ಲೇ ಕೂತಿರುವ ಟೆಂಟಿಗೂ ದುರ್ಬೀನಿಗೂ ಶತ್ರು ಕಣ್ಣಿಗೆ ಕಾಣದ ತೇವ.

ಆ ತೇವ ಎಷ್ಟು, ಎಲ್ಲಿ ಇರುತ್ತದೆ ಎಂದು ಲೆಕ್ಕ ಹಾಕಿದರೆ ಉತ್ತರ ಅಚ್ಚರಿ ಹುಟ್ಟಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. ಜುಲೈ ತಿಂಗಳ ಧಾರವಾಡದಲ್ಲಿ, ಜಿಟಿಜಿಟಿ ಮಳೆಯ ನಡುವೆ, ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿಯಬಲ್ಲ ಆವಿಯಲ್ಲಿ ನಿಜಕ್ಕೂ ಇರುವ ಪಾಲು, ಶೇ 85 ಎಂದುಕೊಳ್ಳೋಣ. ಆಗ 60 ಲೀಟರಿನ ಡಬ್ಬಿಯೊಳಗೆ ಸಿಕ್ಕಿಬೀಳುವ ಗಾಳಿಯಲ್ಲಿ ಇರುವ ನೀರು ಒಂದು ಗ್ರಾಂಗಿಂತ ತುಸು ಹೆಚ್ಚು, ಅಷ್ಟೇ. ಅದೇ ಡಬ್ಬಿಯಲ್ಲಿ ಒಂದು ಕಿಲೋ ಹತ್ತಿಯ ಬಟ್ಟೆ ಅಥವಾ ಹಗ್ಗ ಇಟ್ಟರೋ? ಮುಟ್ಟಿದರೆ ಒಣಗಿದಂತೆಯೇ ಅನ್ನಿಸುವ ಹತ್ತಿ, ಶೇ 65ರ ಆರ್ದ್ರತೆಯಲ್ಲಿ ತನ್ನ ಒಣತೂಕದ ಸುಮಾರು ಶೇ 8ರಷ್ಟು ನೀರನ್ನು ನೂಲಿನೊಳಗೆ ಹೀರಿಕೊಂಡಿರುತ್ತದೆ. ಅಂದರೆ ಕಿಲೋಗೆ 80 ಗ್ರಾಂ. ಉಣ್ಣೆ ಇದರ ಸುಮಾರು ಎರಡರಷ್ಟು ಹೀರುತ್ತದೆ, ನೈಲಾನ್ ಅರ್ಧದಷ್ಟು, ಪಾಲಿಯೆಸ್ಟರ್ ಶೇ ಅರ್ಧಕ್ಕಿಂತಲೂ ಕಡಿಮೆ. ಮಳೆ ಗಾಳಿಗೆ ಮೈಯೊಡ್ಡಿದ ಬಟ್ಟೆಯಲ್ಲಿ ನೀರು ಇನ್ನೂ ಹೆಚ್ಚು. ಹಾಗಾಗಿ ಡಬ್ಬಿಯೊಳಗಿನ ಹವಾಮಾನವನ್ನು ತೀರ್ಮಾನಿಸುವುದು ಅದರ ಗಾಳಿಯಲ್ಲ, ಅದರ ಸಾಮಾನು. ಹಸಿ ಬಟ್ಟೆ ಇಟ್ಟು ಮುಚ್ಚಿದರೆ ಬಟ್ಟೆಯೇ ತಿಂಗಳುಗಟ್ಟಲೆ ಆ ಸಣ್ಣ ಜಾಗಕ್ಕೆ ಆವಿ ಉಣಿಸುತ್ತಿರುತ್ತದೆ. ಆರ್ದ್ರತೆ ಶೇ 65-70 ದಾಟಿ ಅಲ್ಲೇ ನಿಂತರೆ ಬೂಷ್ಟಿಗೆ ಬೇರೇನೂ ಬೇಕಿಲ್ಲ.

ಈ ತಿಳಿವಳಿಕೆ ಉತ್ತರ ಕರ್ನಾಟಕದ ರೈತರಿಗೆ ಹೊಸದೇನಲ್ಲ. ನಮ್ಮ ಊರುಗಳಲ್ಲಿ ಜೋಳ ಕೂಡಿಡುತ್ತಿದ್ದ ಹಗೇವನ್ನು ನೆನೆಯಿರಿ. ನೆಲದೊಳಗೆ ತೋಡಿದ ಆಳದ ಗುಂಡಿ, ಸುತ್ತ ಹುಲ್ಲಿನ ಹಾಸು, ಬಾಯಿಗೆ ಕಲ್ಲು, ಮೇಲೆ ಮಣ್ಣು. ಮಳೆ ಮೇಲಿಂದ ಹರಿದುಹೋದರೂ ಒಳಗಿನ ಜೋಳ ಕೆಡುತ್ತಿರಲಿಲ್ಲ. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ಕಡಿಮೆಯಾಗುತ್ತಿತ್ತು, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತಿತ್ತು, ಹುಳ ಬದುಕುತ್ತಿರಲಿಲ್ಲ. ತೆರೆದ ಕೂಡಲೇ ಮನುಷ್ಯರೂ ಒಳಗಿಳಿಯುವಂತಿರಲಿಲ್ಲ, ಉಸಿರುಗಟ್ಟುವ ಅಪಾಯ ಅಷ್ಟಿತ್ತು. ಆದರೆ ಹಗೇವಿಗೆ ಸುರಿಯುವ ಮೊದಲು ಕಾಳನ್ನು ಬಿಸಿಲಿಗೆ ಹಾಕಿ ಕಟಕಟ ಎನ್ನುವಂತೆ ಒಣಗಿಸುತ್ತಿದ್ದರು. ಹಸಿ ಕಾಳು ಸುರಿದ ಹಗೇವು ಎಷ್ಟು ಬಿಗಿಯಾಗಿದ್ದರೂ ಒಳಗಿನ ಧಾನ್ಯ ಮುಗ್ಗಿಹೋಗುತ್ತಿತ್ತು. ಇಂದಿನ ಪ್ಲಾಸ್ಟಿಕ್ ಡಬ್ಬಿಯ ಭೌತಶಾಸ್ತ್ರವೂ ಇದೇ.

ನಮಗೊಂದು ಅನುಕೂಲವಿದೆ, ಕರಾವಳಿಯವರಿಗೆ ಅದು ಇಲ್ಲ. ಏಪ್ರಿಲ್‌ನ ಮಧ್ಯಾಹ್ನ ಗದಗ, ಹಾವೇರಿ, ಹುಬ್ಬಳ್ಳಿಯ ಗಾಳಿ ಬಹಳ ಒಣಗಿರುತ್ತದೆ. 36 ಡಿಗ್ರಿ ಬಿಸಿ, ಶೇ 25 ಆರ್ದ್ರತೆ ಇರುವ ಒಂದು ಮಧ್ಯಾಹ್ನ ಡಬ್ಬಿ ಮುಚ್ಚಿದಿರಿ ಎನ್ನಿ. ಆ ಗಾಳಿಯಲ್ಲಿ ಘನ ಮೀಟರಿಗೆ ಹತ್ತು ಗ್ರಾಂ ಚಿಲ್ಲರೆ ಆವಿ ಇರುತ್ತದೆ. ಗಾಳಿ ತಣ್ಣಗಾದಷ್ಟೂ ಅದು ಹಿಡಿಯಬಲ್ಲ ಆವಿ ಕಡಿಮೆ; ಆದರೂ ಅದೇ ಡಬ್ಬಿ ಆಗಸ್ಟ್‌ನ ರಾತ್ರಿ 22 ಡಿಗ್ರಿಗೆ ತಣಿದಾಗ ಒಳಗಿನ ಆರ್ದ್ರತೆ ಶೇ 55ರ ಹತ್ತಿರವೇ ನಿಲ್ಲುತ್ತದೆ. ಬೂಷ್ಟಿಗೆ ಅಷ್ಟು ಸಾಲದು. ಒಳಗಿನ ಬಟ್ಟೆಯೂ ಆ ಮಧ್ಯಾಹ್ನದ ಗಾಳಿಗೆ ಹರಡಿಕೊಂಡು ಒಣಗಿದ್ದರೆ ಇನ್ನೂ ಕಡಿಮೆ, ಏಕೆಂದರೆ ಒಣ ನೂಲು ಉಳಿದ ಆವಿಯನ್ನೂ ತಾನೇ ಹೀರಿಕೊಳ್ಳುತ್ತದೆ. ಮೊದಲ ಅಡ್ಡಮಳೆಗಳು ಬೀಳುವ ಮೊದಲೇ, ಒಂದು ಒಣ ಮಧ್ಯಾಹ್ನ, ನೆರಳಿನಲ್ಲಿ ಗಾಳಿಯಾಡಿಸಿ ಎಲ್ಲವನ್ನೂ ಎತ್ತಿಡುವುದು ನನ್ನ ಮಟ್ಟಿಗೆ ಡಬ್ಬಿಯ ಬೆಲೆಗಿಂತ ಮುಖ್ಯವಾದ ಸಂಗತಿ. ನೆರಳು ಎಂದದ್ದಕ್ಕೆ ಕಾರಣವಿದೆ: ಟೆಂಟಿನ ನೈಲಾನ್ ಬಟ್ಟೆಯನ್ನು ಬಿಸಿಲಿನ ನೇರಳಾತೀತ ಕಿರಣ ಕೊಲ್ಲುತ್ತದೆ.

ಇನ್ನು ಡಬ್ಬಿಯ ಮೇಲಿನ ಅಂಕಿಗಳು. ಐಪಿ 67, ಐಪಿ 65 ಎಂದು ಬರೆದಿರುವುದು ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡದ ಸಂಕೇತ. ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. ನೀರಿನ ಅಂಕಿ 4 ಇದ್ದರೆ ಎಲ್ಲ ಕಡೆಯಿಂದ ಬೀಳುವ ಸಿಂಪರಣೆ ತಡೆಯುತ್ತದೆ. 5 ಮತ್ತು 6 ಪೈಪಿನಿಂದ ಚಿಮ್ಮುವ ನೀರಿನ ಪರೀಕ್ಷೆಗಳು. 7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿದ್ದು. 8 ಅದಕ್ಕಿಂತ ಕಠಿಣ, ಆಳ ಮತ್ತು ಹೊತ್ತನ್ನು ತಯಾರಕರೇ ಹೇಳಬೇಕು. ಇಲ್ಲೊಂದು ಸೂಕ್ಷ್ಮವಿದೆ. ಮುಳುಗಿಸುವ ಪರೀಕ್ಷೆ ಗೆದ್ದದ್ದು ಚಿಮ್ಮುವ ನೀರನ್ನೂ ಗೆದ್ದಿದೆ ಎಂದು ಹೇಳುವಂತಿಲ್ಲ. ಎರಡೂ ಬೇರೆ ಪರೀಕ್ಷೆ. ಬೈಕಿನ ಹಿಂದೆ ಕಟ್ಟಿ ಎದುರು ಮಳೆಯಲ್ಲಿ ಕಲಘಟಗಿ ದಾರಿ ಹಿಡಿಯುವವರಿಗೆ ಬೇಕಾದದ್ದು ಚಿಮ್ಮುವ ನೀರಿನ ಅಂಕಿ. ಅಲ್ಲದೆ ಈ ಪರೀಕ್ಷೆಗಳು ನಡೆಯುವುದು ಹೊಸ ಡಬ್ಬಿಯ ಮೇಲೆ. ನಾಲ್ಕು ವರ್ಷ ಕ್ಲಿಪ್ಪಿನಡಿ ಒತ್ತಿಕೊಂಡ ರಬ್ಬರ್ ಚಪ್ಪಟೆಯಾಗಿ, ಮತ್ತೆ ಉಬ್ಬುವ ಗುಣ ಕಳೆದುಕೊಂಡಿರುತ್ತದೆ. ಆವಿಯ ಬಗ್ಗೆಯಂತೂ ಐಪಿ ಅಂಕಿ ಒಂದು ಮಾತೂ ಹೇಳುವುದಿಲ್ಲ.

ಬಿಗಿ ಡಬ್ಬಿಗೆ ಇನ್ನೊಂದು ತೊಡಕಿದೆ, ನನಗೆ ಅದು ಬಹಳ ಇಷ್ಟದ ಭೌತಶಾಸ್ತ್ರ. ಕಾರಿನ ಕ್ಯಾರಿಯರ್ ಮೇಲೆ ಬಿಸಿಲಿಗೆ ಕಾದ ಡಬ್ಬಿಯೊಳಗೆ ಗಾಳಿ 45 ಡಿಗ್ರಿಗೆ ಏರಿದೆ. ಬಿಸಿಯಾದ ಗಾಳಿ ಹಿಗ್ಗಿ, ಪಟ್ಟಿಯ ಸಂದಿಯಿಂದ ಒಂದಿಷ್ಟು ಹೊರಗೆ ಹೋಗಿದೆ. ದಿಢೀರನೆ ಮಳೆ ಬಿದ್ದು ಡಬ್ಬಿ 25 ಡಿಗ್ರಿಗೆ ಇಳಿಯಿತು. ಒಳಗಿನ ಒತ್ತಡ ಶೇ 6ರಷ್ಟು ಕುಸಿಯುತ್ತದೆ. ಶೇ 6 ಎಂದರೆ ಅರ್ಧ ಮೀಟರಿಗೂ ಮಿಕ್ಕಿ ನೀರು ನಿಂತಷ್ಟು ಒತ್ತಡ. ಆ ಹೊತ್ತಿಗೆ ಮುಚ್ಚಳದ ಅಂಚಿನಲ್ಲಿ ನಿಂತಿರುವುದು ಮಳೆನೀರು. ಒಂದು ಕೂದಲೋ ಒಂದು ಮರಳ ಕಣವೋ ರಬ್ಬರಿನ ಕೆಳಗೆ ಸಿಕ್ಕಿದ್ದರೆ ಡಬ್ಬಿ ನೀರನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ‘ಮುಳುಗಿಯೂ ಇಲ್ಲ, ಒಳಗೆ ನೀರು ಹೇಗೆ ಬಂತು’ ಎಂಬ ಪ್ರಶ್ನೆಗೆ ಎಷ್ಟೋ ಸಲ ಇದೇ ಉತ್ತರ.

ಘಟ್ಟ ಇಳಿದರೂ ಹೀಗೆಯೇ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಇಲ್ಲಿ ಮುಚ್ಚಿದ ಡಬ್ಬಿಯೊಂದಿಗೆ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋದರೆ ಹೊರಗಿನ ಗಾಳಿಯ ಒತ್ತಡ ಒಳಗಿನದಕ್ಕಿಂತ ಶೇ 8-9ರಷ್ಟು ಹೆಚ್ಚಿರುತ್ತದೆ. ಗಟ್ಟಿ ಮೈಯ, ಪೂರಾ ಬಿಗಿಯಾದ ಡಬ್ಬಿಯಾದರೆ, 30 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಅದು ಸುಮಾರು 50 ಕಿಲೋ ಭಾರ. ಕ್ಲಿಪ್ಪು ಬಿಚ್ಚಿದರೂ ಮುಚ್ಚಳ ಏಳುವುದಿಲ್ಲ. ಒಳ್ಳೆಯ ಕ್ಯಾಮೆರಾ ಪೆಟ್ಟಿಗೆಗಳಲ್ಲಿ ಹಿಡಿಕೆಯ ಹತ್ತಿರ ಸಣ್ಣ ಗುಂಡಿಯೊಂದು ಇರುವುದು ಇದಕ್ಕೇ. ಕೆಲವದರಲ್ಲಿ ಅದನ್ನು ಕೈಯಿಂದ ತಿರುಗಿಸಬೇಕು. ಕೆಲವದರಲ್ಲಿ ಒಳಗೆ ಹಿಗ್ಗಿಸಿದ ಟೆಫ್ಲಾನ್ ಪೊರೆ ಇರುತ್ತದೆ. ಗಾಳಿ ದಾಟುತ್ತದೆ, ಹನಿ ದಾಟುವುದಿಲ್ಲ. ಮಳೆಕೋಟುಗಳಲ್ಲಿ ಗೋರ್-ಟೆಕ್ಸ್ ಹೆಸರು ಮಾಡಿದ್ದೂ ಇದೇ ಪೊರೆಯಿಂದ, 1969ರಲ್ಲಿ ರಾಬರ್ಟ್ ಗೋರ್ ಕಂಡುಕೊಂಡದ್ದು. ಪ್ರಯಾಣಕ್ಕೆ ಪೆಟ್ಟಿಗೆ ಕೊಳ್ಳುವುದಾದರೆ ಆ ಗುಂಡಿ ಇದೆಯೇ ನೋಡಿ. ಅಟ್ಟದ ಮೇಲೆ ಕೂರುವ ಡಬ್ಬಿಗೆ ಅದರ ಅಗತ್ಯವಿಲ್ಲ.

ಚೀಲಗಳ ಮಾತು ಬೇಗ ಮುಗಿಯುತ್ತದೆ. ಬಾಯಿ ಸುರುಳಿ ಸುತ್ತಿ ಬಕಲ್ ಹಾಕುವ ಡ್ರೈ ಬ್ಯಾಗಿನಲ್ಲಿ ಬಟ್ಟೆಯ ಜೋಡಣೆ ನೋಡಬೇಕು. ಬೆಸೆದದ್ದಾದರೆ ಒಳ್ಳೆಯದು. ಹೊಲಿದದ್ದಾದರೆ ಸೂಜಿಯ ಪ್ರತಿ ತೂತೂ ನೀರಿಗೆ ಬಾಗಿಲು, ಒಳಗಿಂದ ಟೇಪು ಅಂಟಿಸಿರಬೇಕು. ಬಾಯಿಯನ್ನು ಕನಿಷ್ಠ ಮೂರು ಸುತ್ತು ಸುತ್ತಬೇಕು, ಅದಕ್ಕೆ ಜಾಗ ಉಳಿಯುವಂತೆ ತುಂಬಬೇಕು. ಇವು ಮಳೆಗೆ, ಎರಚಲಿಗೆ, ಒಂದು ಕ್ಷಣದ ಮುಳುಗಿಗೆ ಸರಿ. ಕಪ್ಪತಗುಡ್ಡದ ಮಳೆಯ ನಡಿಗೆಗೆ ಬೆನ್ನುಚೀಲದೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ತಿರುಚಿ ಕಟ್ಟಿದರೂ ಬಹುಪಾಲು ಕೆಲಸ ಆಗುತ್ತದೆ. ಮನೆಯಲ್ಲಿ ಕೂಡಿಡಲು ಉಂಗುರ ಬಿಗಿಯುವ ನೀಲಿ ಡ್ರಮ್ಮು ಅಗ್ಗದ, ಗಟ್ಟಿಯಾದ ಆಯ್ಕೆ. ಮೊದಲು ಅದರಲ್ಲಿ ಯಾವ ರಾಸಾಯನಿಕ ತುಂಬಿದ್ದರು ಎಂದು ವಿಚಾರಿಸದೆ ಮಾತ್ರ ತರಬೇಡಿ. ಅಜ್ಜನ ಕಾಲದ ಕಬ್ಬಿಣದ ಟ್ರಂಕಿನ ತಗಡಿನಲ್ಲಿ ಆವಿ ದಾಟುವುದಿಲ್ಲ, ಆದರೆ ಮುಚ್ಚಳದ ಸುತ್ತ ದಾಟುತ್ತದೆ. ಮಳೆಗಾಲದ ತಣ್ಣನೆ ಕಲ್ಲುಹಾಸಿನ ಮೇಲಿಟ್ಟರೆ ತಳದಲ್ಲಿ ಆವಿ ನೀರಾಗುತ್ತದೆ. ಎರಡು ಮರದ ಪಟ್ಟಿ ಕೆಳಗಿಟ್ಟು, ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ.

ಕೆಲವು ಸಾಮಾನುಗಳನ್ನು ಬಿಗಿಯಾಗಿ ಮುಚ್ಚುವುದೇ ತಪ್ಪು. ಟೆಂಟಿನ ಬಟ್ಟೆಗೆ ನೀರು ತಡೆಯಲು ಬಳಿದಿರುವುದು ಸಾಮಾನ್ಯವಾಗಿ ಪಾಲಿಯುರಿಥೇನ್. ತೇವ ಮತ್ತು ಬಿಸಿ ಕೂಡಿದರೆ ನೀರಿನ ಅಣುಗಳು ಅದರ ಸರಪಳಿಯನ್ನು ತುಂಡರಿಸುತ್ತವೆ. ಲೇಪ ಅಂಟಂಟಾಗುತ್ತದೆ, ಹುಳಿ ವಾಸನೆ ಹೊಡೆಯುತ್ತದೆ, ಕೊನೆಗೆ ಪಕಳೆಯಾಗಿ ಉದುರುತ್ತದೆ. ಅದಕ್ಕೆ ಔಷಧಿಯಿಲ್ಲ. ವರ್ಷಗಟ್ಟಲೆ ಡಬ್ಬಿಯಲ್ಲೇ ಇದ್ದ ಚಾರಣದ ಬೂಟಿನ ಅಟ್ಟೆ ಹೊಸದರಂತೆ ಕಂಡು, ಗುಡ್ಡ ಹತ್ತುವಾಗ ಪುಡಿಪುಡಿಯಾಗಿ ಕಳಚುವುದೂ ಇದೇ ಕ್ರಿಯೆಯಿಂದ. ಟೆಂಟನ್ನು ಪೂರಾ ಒಣಗಿಸಿ, ಸಡಿಲವಾಗಿ ಮಡಚಿ, ಗಾಳಿಯಾಡುವ ಹತ್ತಿಯ ಚೀಲದಲ್ಲಿ ಮನೆಯ ಅತ್ಯಂತ ಒಣ ಕೋಣೆಯಲ್ಲಿಡಿ. ಸ್ಲೀಪಿಂಗ್ ಬ್ಯಾಗನ್ನೂ ಒತ್ತಿ ತುರುಕದೆ ಹಾಗೆಯೇ ಇಡಿ. ಒತ್ತಿಟ್ಟ ತುಪ್ಪಳು ಉಬ್ಬುವುದನ್ನು ಮರೆಯುತ್ತದೆ, ಉಬ್ಬದಿದ್ದರೆ ಬೆಚ್ಚಗೂ ಇರುವುದಿಲ್ಲ. ಒಲೆಯ ಗ್ಯಾಸ್ ಡಬ್ಬಿ, ಸೀಮೆಎಣ್ಣೆ ಎಂದೂ ಮುಚ್ಚಿದ ಪೆಟ್ಟಿಗೆಯೊಳಗೆ ಹೋಗಕೂಡದು. ಟಾರ್ಚಿನ ಸೆಲ್ ಬಿಚ್ಚಿ ಬೇರೆ ಇಡಿ.

ಹಾಗಾದರೆ ಬಿಗಿ ಡಬ್ಬಿ ನಿಜಕ್ಕೂ ಬೇಕಾದದ್ದು ಗಾಜು, ಲೋಹ, ಎಲೆಕ್ಟ್ರಾನಿಕ್ಸ್‌ಗೆ: ದುರ್ಬೀನು, ಕ್ಯಾಮೆರಾ, ಜಿಪಿಎಸ್, ದಿಕ್ಸೂಚಿ. ಇವುಗಳಿಗೆ ಒಂದು ದೊಡ್ಡ ಡಬ್ಬಿಗಿಂತ ಎರಡು ಸಣ್ಣವು ಲೇಸು. ಪ್ರತಿ ಸಲ ತೆರೆದಾಗಲೂ ಒಳಗಿನ ಒಣ ಗಾಳಿ ಹೊರಗಿನ ಹಸಿ ಗಾಳಿಗೆ ಜಾಗ ಬಿಡುತ್ತದೆ. ಒಳಗೆ ಸಿಲಿಕಾ ಜೆಲ್ ಹಾಕಿ. ಅಮೆರಿಕದ ರಸಾಯನಶಾಸ್ತ್ರಜ್ಞ ವಾಲ್ಟರ್ ಪ್ಯಾಟ್ರಿಕ್ ಇದನ್ನು ತಯಾರಿಸುವ ವಿಧಾನಕ್ಕೆ 1919ರಲ್ಲಿ ಪೇಟೆಂಟ್ ಪಡೆದ. ಕಾಳಿನೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳು, ಅವುಗಳ ಗೋಡೆಗೆ ನೀರಿನ ಅಣುಗಳು ಅಂಟಿ ಕೂರುತ್ತವೆ. ಶೇ 50ರ ಆರ್ದ್ರತೆಯಲ್ಲಿ ಅದು ತನ್ನ ತೂಕದ ಕಾಲುಭಾಗದ ಹತ್ತಿರ ನೀರು ಹಿಡಿಯುತ್ತದೆ. ಬೂಟಿನ ಡಬ್ಬಿಯಲ್ಲಿ ಸಿಗುವ 5 ಗ್ರಾಮಿನ ಪೊಟ್ಟಣ ಹೀರುವುದು ಅಬ್ಬಬ್ಬಾ ಎಂದರೆ ಒಂದೂಕಾಲು ಗ್ರಾಂ. ಡಬ್ಬಿಯ ಗಾಳಿಗೆ ಅದು ಸಾಕು. ಅದೇ ಡಬ್ಬಿಯಲ್ಲಿ ಹತ್ತಿಯ ಟವೆಲ್ ಸುತ್ತಿ ಇಟ್ಟಿದ್ದರೆ ಏನೇನೂ ಸಾಲದು. ದುರ್ಬೀನನ್ನು ಹಳೆಯ ಬಟ್ಟೆಯಲ್ಲಿ ಸುತ್ತುವ, ಚರ್ಮದ ಕವಚದಲ್ಲೇ ಬಿಡುವ ರೂಢಿಯನ್ನು ಅದಕ್ಕೇ ಬಿಡಬೇಕು. ಹೀರಿ ದಣಿದ ಜೆಲ್ ಅನ್ನು ಓವನ್ನಿನಲ್ಲಿ 120 ಡಿಗ್ರಿ ಸುತ್ತಮುತ್ತ ಒಂದೆರಡು ತಾಸು ಕಾಯಿಸಿದರೆ ಮತ್ತೆ ಸಿದ್ಧ. ನೀಲಿಯಿಂದ ಗುಲಾಬಿಗೆ ತಿರುಗುವ ಬಗೆಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅಡುಗೆಯ ಓವನ್ನಿಗೆ ಅದು ಬೇಡ. ನುಸಿಗುಳಿಗೆ ತೇವ ಹೀರುವುದಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಪೊಟ್ಟಣಗಳು ಬಹಳ ಹೀರುತ್ತವೆ, ಆದರೆ ತಾವೇ ಕರಗಿ ಉಪ್ಪುನೀರಾಗುತ್ತವೆ. ಅದು ಚೆಲ್ಲಿದರೆ ಲೋಹ ತುಕ್ಕು ಹಿಡಿಯುತ್ತದೆ. ಬಟ್ಟೆಯ ಕಪಾಟಿಗೆ ಅವು ಇರಲಿ.

ಡಬ್ಬಿ ಬಿಗಿಯಿದೆಯೇ ಎಂದು ತಿಳಿಯಲು ಮುಚ್ಚಳದಡಿ ಒಂದು ಕಾಗದದ ಪಟ್ಟಿ ಇಟ್ಟು ಕ್ಲಿಪ್ಪು ಹಾಕಿ ಎಳೆಯಿರಿ, ಸುತ್ತಲೂ ಹೀಗೆ ಮಾಡಿ. ಸಲೀಸಾಗಿ ಜಾರಿ ಬಂದ ಕಡೆ ರಬ್ಬರ್ ಒತ್ತುತ್ತಿಲ್ಲ. ಆಮೇಲೆ ಒಳಗೊಂದು ಒಣ ಟಿಶ್ಯೂ ಕಾಗದ ಹಾಕಿ ಬಕೀಟಿನಲ್ಲಿ ಅರ್ಧ ತಾಸು ಮುಳುಗಿಸಿ ನೋಡಿ. ಆವಿಯನ್ನು ಅಳೆಯಲು ಮಾತ್ರ ಉಪಕರಣವೇ ಬೇಕು: ಕೆಲವು ನೂರು ರೂಪಾಯಿಗೆ ಸಿಗುವ ಪುಟ್ಟ ಡಿಜಿಟಲ್ ಆರ್ದ್ರತಾಮಾಪಕ. ಅದು ನಿಜ ಹೇಳುತ್ತಿದೆಯೇ ಎಂದು ಪರೀಕ್ಷಿಸುವ ವಿಧಾನ ಅಡುಗೆಮನೆಯಲ್ಲೇ ಇದೆ. ಒಂದು ಚಮಚ ಉಪ್ಪಿಗೆ ಕೆಲವು ಹನಿ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತನ್ನಿ. ಅದನ್ನು ಬಾಟಲಿಯ ಮುಚ್ಚಳವೊಂದರಲ್ಲಿಟ್ಟು, ಮಾಪಕದ ಜೊತೆ ಬಿಗಿ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿ ಯಾವಾಗಲೂ ಶೇ 75ರ ಆರ್ದ್ರತೆಗೆ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ಗಾಳಿ ಆ ಗಡಿ ದಾಟಿದಾಗಲೇ ಅಡುಗೆಮನೆಯ ಡಬ್ಬಿಯ ಉಪ್ಪು ನೀರೊಡೆಯುವುದು. ಬೆಳಿಗ್ಗೆ ಮಾಪಕ 70 ತೋರಿಸಿದರೆ ಅದು ಐದು ಕಡಿಮೆ ಹೇಳುತ್ತಿದೆ ಎಂದು ಅದರ ಮೈಮೇಲೆ ಬರೆದಿಡಿ. ಆಮೇಲೆ ಅದನ್ನು ದುರ್ಬೀನಿನ ಡಬ್ಬಿಯಲ್ಲಿ ಹೊರಗಿನಿಂದ ಕಾಣುವಂತೆ ಇಡಿ. ಅಂಕಿ 40ರಿಂದ 50ರ ನಡುವೆ ಇದ್ದರೆ ಡಬ್ಬಿಯನ್ನು ಮುಟ್ಟಬೇಡಿ. 60 ಮುಟ್ಟಿತೆಂದರೆ ಅದೇ ದಿನ ಜೆಲ್ ಬದಲಿಸಿ.