ತಲೆ ಕೊರೆಯುವ ಯೋಚನೆ: ಸ್ವಲ್ಪ ದೂರ ನಿಂತು ನೋಡುವುದು ಹೇಗೆ?

ಹತ್ತು ಜನ ಹೊಗಳಿ ಒಬ್ಬರು ತೆಗಳಿದರೆ, ರಾತ್ರಿ ಮಲಗುವಾಗ ನೆನಪಾಗುವುದು ಆ ಒಬ್ಬರ ಮಾತೇ ಅಲ್ವಾ? ಇದು ಕಾಯಿಲೆಯಲ್ಲ. ಒಳ್ಳೆಯದಕ್ಕಿಂತ ಕೆಟ್ಟದ್ದರ ಕಡೆ ಜಾಸ್ತಿ ಗಮನ ಕೊಡುವುದು ಮನಸ್ಸಿನ ಅಭ್ಯಾಸ. ಹಾಗಾಗಿ ಕೆಟ್ಟ ಯೋಚನೆ ಬರದ ಹಾಗೆ ತಡೆಯುವುದು ಹೇಗೆ ಅನ್ನುವ ಪ್ರಶ್ನೆಯಿಂದ ಶುರು ಮಾಡಬೇಡಿ.

ತಡೆಯಲು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಅವರ ಪ್ರಯೋಗವಿದೆ. ವರ್ಷ 1987, ನಡೆದದ್ದು ಅಮೆರಿಕದಲ್ಲಿ. ಪ್ರಯೋಗಕ್ಕೆ ಬಂದವರಿಗೆ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಅಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ಈಗ ಯೋಚಿಸಬಹುದು ಅಂದಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ನೆನಪಾಯಿತು. ಮನೆಯವರು "ಸುಮ್ನೆ ಬಿಟ್ಟಾಕು" ಅಂದರೂ ಯಾಕೆ ಬಿಡಲಾಗುವುದಿಲ್ಲ ಅಂತ ಇಲ್ಲಿ ಗೊತ್ತಾಗುತ್ತದೆ.

ಇನ್ನೊಂದು ದಾರಿ ತೋರಿಸಿದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಆರನ್ ಬೆಕ್. 1960ರ ದಶಕದಲ್ಲಿ ಖಿನ್ನತೆ ಇದ್ದವರ ಮಾತು ಕೇಳುತ್ತಾ ಅವರು ಒಂದು ವಿಷಯ ಗಮನಿಸಿದರು. ಇವರ ತಲೆಯಲ್ಲಿ ಚಿಕ್ಕ ಚಿಕ್ಕ ಯೋಚನೆಗಳು ತಾವಾಗೇ ಬಂದು ಹೋಗುತ್ತವೆ. ಇವರು ಅವನ್ನು ಪ್ರಶ್ನೆ ಮಾಡದೆ ನಂಬಿಬಿಡುತ್ತಾರೆ. ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ) ಅಂತ ನಾವು ಓದುವ ಚಿಕಿತ್ಸೆ ಬೆಳೆದದ್ದು ಇಲ್ಲಿಂದ. ಯೋಚನೆಯನ್ನು ಓಡಿಸುವ ಬದಲು ಹಾಳೆಯ ಮೇಲೆ ಬರೆದು ನೋಡುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬಿ.ಎಡ್. ವಿದ್ಯಾರ್ಥಿನಿಯೊಬ್ಬಳು ಏಳನೇ ತರಗತಿಗೆ ಭಿನ್ನರಾಶಿ ಪಾಠ ಮಾಡಿದಳು. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಮೇಲ್ವಿಚಾರಕರು ಏನೋ ಗೀಚಿಕೊಂಡರು. ಬಸ್ಸಿನಲ್ಲಿ ಕೂತಾಗ ಅವಳ ತಲೆಯಲ್ಲಿ ಒಂದೇ ಮಾತು: "ನಂಗೆ ಪಾಠ ಮಾಡೋಕೆ ಬರೋದೇ ಇಲ್ಲ." ಎಷ್ಟು ನಂಬುತ್ತೀಯ ಅಂದರೆ ನೂರಕ್ಕೆ 90 ಅನ್ನುತ್ತಾಳೆ.

ಈಗ ಹಾಳೆ ತೆಗೆಯಲಿ. ನಡೆದದ್ದೇನು? ಇಬ್ಬರೋ ಮೂವರೋ ನಕ್ಕರು. ಮೇಲ್ವಿಚಾರಕರು ಬರೆದುಕೊಂಡರು, ಏನು ಬರೆದರು ಅಂತ ಅವಳು ನೋಡಿಲ್ಲ. ನಗು ಇದ್ದದ್ದು ಅರ್ಧ ನಿಮಿಷ, ಪೀರಿಯಡ್ಡು ನಲವತ್ತು ನಿಮಿಷ. ಮುಂದಿನ ಬೆಂಚಿನ ಹುಡುಗಿ ಬೋರ್ಡಿಗೆ ಬಂದು ಲೆಕ್ಕ ಬಿಡಿಸಿದಳು. ಹಾಗೇ, ಒಂದು ಕಡೆ ಛೇದ ತಪ್ಪು ಬರೆದದ್ದೂ ನಿಜ. ಅದೂ ಹಾಳೆಗೆ ಬರಲೇಬೇಕು. ಬರೀ ಒಳ್ಳೆಯದನ್ನೇ ಬರೆದರೆ ಮನಸ್ಸು ನಂಬುವುದಿಲ್ಲ. ಕೊನೆಗೆ ಉಳಿಯುವ ಮಾತು: "ಒಂದು ಲೆಕ್ಕದಲ್ಲಿ ಎಡವಿದೆ. ನಾಳೆ ಮನೆಯಲ್ಲೇ ಬಿಡಿಸಿಟ್ಟುಕೊಂಡು ಹೋಗಬೇಕು." ಮೊದಲಿನ ಮಾತಿನ ಮೇಲಿನ ನಂಬಿಕೆ 90ರಿಂದ 50ಕ್ಕೆ ಇಳಿದರೂ ಸಾಕು, ಸೊನ್ನೆ ಆಗಬೇಕಿಲ್ಲ.

ಹಾಳೆ ಇಲ್ಲದಿದ್ದರೆ ಇನ್ನೊಂದು ಉಪಾಯ. ತನ್ನನ್ನು ತಾನೇ ಹೆಸರು ಹಿಡಿದು ಮಾತಾಡಿಸುವುದು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತು ಜೊತೆಯವರು 2014ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಭಾಷಣದಂಥ ಗಾಬರಿ ಹುಟ್ಟಿಸುವ ಕೆಲಸದ ಮುಂಚೆ "ನಾನು" ಅನ್ನುವ ಬದಲು ತಮ್ಮ ಹೆಸರು ಬಳಸಿದವರಿಗೆ ಕಳವಳ ಕಡಿಮೆಯಿತ್ತು. ಜೋರಾಗಿ ಹೇಳಬೇಕಿಲ್ಲ, ಮನಸ್ಸಿನಲ್ಲೇ ಸಾಕು. ನನಗೆ ಅನ್ನಿಸುವುದು, ತಂಗಿ ಅತ್ತುಕೊಂಡು ಬಂದರೆ "ಹೌದು, ನೀನು ಲಾಯಕ್ಕಿಲ್ಲ" ಅಂತ ಯಾರೂ ಹೇಳಲ್ಲ. ಹೆಸರು ಹಿಡಿದ ಕೂಡಲೇ ನಮಗೂ ಆ ದನಿ ಬರುತ್ತದೆ.

ಹೀಗೆ ಯೋಚನೆಯಿಂದ ದೂರ ನಿಂತು ನೋಡುವಾಗ ಎಷ್ಟು ದೂರ ನಿಲ್ಲಬೇಕು ಅನ್ನುವುದನ್ನು ಹೆಚ್ಚಿನವರು ಯೋಚಿಸುವುದಿಲ್ಲ. ನಾಸಾದ ಬಾಹ್ಯಾಕಾಶ ನೌಕೆ ವಾಯೇಜರ್ 1 1990ರಲ್ಲಿ ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ತೆಗೆದ ಚಿತ್ರದಲ್ಲಿ ಭೂಮಿ ಒಂದು ಚುಕ್ಕಿ. ಅದನ್ನು ನೋಡಿ ಹಗುರಾಗುವವರಿದ್ದಾರೆ. ಆದರೆ ಆಗಲೇ ಕುಗ್ಗಿ ಕೂತವಳಿಗೆ "ನಿನ್ನ ಚಿಂತೆ ಯಾವ ಲೆಕ್ಕ" ಅಂದರೆ ಅವಳು ಇನ್ನಷ್ಟು ಕುಗ್ಗುತ್ತಾಳೆ. ಅರ್ಧ ನಿಮಿಷದಿಂದ ಪೀರಿಯಡ್ಡಿಗೆ, ಪೀರಿಯಡ್ಡಿನಿಂದ ಈ ಸೆಮಿಸ್ಟರಿಗೆ ಬಂದರೆ ಬೇಕಾದಷ್ಟಾಯಿತು. "ಊಟಕ್ಕಿಲ್ಲದವರು ಎಷ್ಟು ಜನ ಇದ್ದಾರೆ, ನಿಂದೇನು" ಅನ್ನುವ ಹಿರಿಯರ ಮಾತೂ ಹಾಗೇ. ಅದರಿಂದ ನೋಟ ದೊಡ್ಡದಾಗುವುದಿಲ್ಲ. ಬೇಜಾರಿನ ಜೊತೆ ನಾಚಿಕೆಯೂ ಸೇರಿಕೊಳ್ಳುತ್ತದೆ, ಅಷ್ಟೇ.

ಸಾಲ, ಹೊಡೆತ, ಕೆಲಸದ ಜಾಗದ ಕಿರುಕುಳ ಇವೆಲ್ಲ ಬೇರೆ. ಅಲ್ಲಿ ಬದಲಾಗಬೇಕಾದ್ದು ಪರಿಸ್ಥಿತಿ. ಎರಡು ವಾರ ಕಳೆದರೂ ಮಂಕು ಹರಿಯದೆ ನಿದ್ದೆ, ಊಟ ಕೆಟ್ಟರೆ, ಬದುಕೇ ಬೇಡ ಅನ್ನಿಸಿದರಂತೂ ಆ ಗಳಿಗೆಯಲ್ಲೇ, ಹಾಳೆ ಪಕ್ಕಕ್ಕಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.