‘ಲೀವ್’ ಎಂಬ ಪದ ವಾರ್ಸಾದಲ್ಲಿ ಇಳಿದಾಗ

1977ರ ಡಿಸೆಂಬರ್ 29. ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಪೋಲೆಂಡಿನ ರಾಜಧಾನಿ ವಾರ್ಸಾಕ್ಕೆ ಬಂದಿಳಿದರು. ವಿಮಾನ ನಿಲ್ದಾಣದಲ್ಲೇ ಒಂದು ಪುಟ್ಟ ಭಾಷಣ. ದುಭಾಷಿಯೊಬ್ಬರು ಅದನ್ನು ಅಲ್ಲೇ ಪೋಲಿಷ್ ಭಾಷೆಗೆ ತರುತ್ತಿದ್ದರು. ತಾನು ಅಮೆರಿಕದಿಂದ ಹೊರಟಿದ್ದನ್ನು ಹೇಳಲು ಕಾರ್ಟರ್ ಬಳಸಿದ್ದು ‘ಲೀವ್’ ಎಂಬ ಸಾದಾ ಪದ. ಪೋಲಿಷ್‌ನಲ್ಲಿ ಅದು ‘ಅಮೆರಿಕವನ್ನು ತೊರೆದು ಬಂದೆ’ ಎಂದಾಯಿತು. ಪೋಲೆಂಡಿನ ಜನ ನಾಳೆಗಳ ಬಗ್ಗೆ ಏನು ಬಯಸುತ್ತಾರೆ ಎಂದು ತಿಳಿಯಲು ಬಂದಿದ್ದೇನೆ ಎಂದರು, ಅಲ್ಲಿ ಬಂದ ಪದ ‘ಡಿಸೈರ್’. ಪೋಲಿಷ್‌ನಲ್ಲಿ ಅದು ಕಾಮದ ಬಯಕೆಯಾಗಿ ಹೊರಬಂತು. ಸುದ್ದಿ ಲೋಕದ ತುಂಬ ಹರಡಿತು.

ದುಭಾಷಿಯ ಬಗ್ಗೆ ನನಗೆ ಅಯ್ಯೋ ಅನ್ನಿಸುತ್ತದೆ. ಅವರು ಎಡವಿದ ಜಾಗದಲ್ಲಿ ನಿಜವಾಗಿಯೂ ಒಂದು ಹೊಂಡ ಇದೆ. ನಮ್ಮ ‘ಬಿಡು’ ಪದವನ್ನೇ ನೋಡಿ. ‘ಮೈಸೂರಿನಿಂದ ಎಷ್ಟು ಗಂಟೆಗೆ ಬಿಟ್ರಿ?’ ಅಂದರೆ ಹೊರಟಿದ್ದು ಯಾವಾಗ ಎಂದು. ‘ಮೈಸೂರು ಬಿಟ್ರಾ?’ ಅಂದರೆ ಮನೆ ಖಾಲಿ ಮಾಡಿದಿರಾ ಎಂದು. ನಡುವೆ ಇರುವುದು ‘ಇಂದ’ ಎಂಬ ಒಂದು ಪ್ರತ್ಯಯ ಅಷ್ಟೇ. ಕನ್ನಡ ಕಲಿಯುವ ಹೊರಗಿನವರು ಇಲ್ಲಿ ಎಡವಿದರೆ ನಾವು ತಪ್ಪು ತಿಳಿಯುತ್ತೇವೆಯೇ?

ಪೋಲಿಷ್‌ನಲ್ಲಿ ಈ ಕೆಲಸಕ್ಕೆ ಬೇರೆ ಬೇರೆ ಪದಗಳೇ ಇವೆ. ಕಾಲ್ನಡಿಗೆಯಲ್ಲಿ ಹೊರಟರೆ ‘ವಿಯ್ಶ್ಚ್’. ಗಾಡಿಯಲ್ಲಿ ಹೊರಟರೆ ‘ವಿಯೆಹಾಚ್’. ಚೀಲವನ್ನು ಎಲ್ಲೋ ಬಿಟ್ಟು ಬಂದರೆ ‘ಜೊಸ್ತಾವಿಚ್’. ಹೆಂಡತಿ ಮಕ್ಕಳನ್ನು ಬಿಟ್ಟು ಹೋದರೆ ‘ಪೊಝುಚಿಚ್’. ಇಂಗ್ಲಿಷ್‌ನಿಂದ ಬರುವವರು ‘ಲೀವ್’ ಎಂಬ ಒಂದೇ ಬಾಗಿಲಿನಿಂದ ಹೊರಗೆ ಕಾಲಿಡುತ್ತಾರೆ. ಎದುರಿಗೆ ನಾಲ್ಕು ದಾರಿ. ಯೋಚಿಸಲು ಒಂದೆರಡು ಸೆಕೆಂಡ್ ಮಾತ್ರ ಸಿಗುತ್ತದೆ.

ಒಂದು ಪದಕ್ಕೆ ಇಷ್ಟೊಂದು ಅರ್ಥ ಯಾಕೆ ಬರುತ್ತದೆ? ಅಮೆರಿಕದ ಭಾಷಾತಜ್ಞ ಜಾರ್ಜ್ ಕಿಂಗ್ಸ್‌ಲಿ ಜಿಪ್ಫ್ 1945ರಲ್ಲೇ ಒಂದು ಸಂಗತಿ ತೋರಿಸಿದರು. ಜಾಸ್ತಿ ಬಳಕೆಯಲ್ಲಿರುವ ಪದಗಳಿಗೆ ಅರ್ಥಗಳೂ ಜಾಸ್ತಿ. ದಿನಾ ಕೈಗೆ ಸಿಗುವ ಪದವನ್ನೇ ಜನ ಹೊಸ ಕೆಲಸಕ್ಕೂ ಹಚ್ಚುತ್ತಾರೆ. ಹೊಸ ಪದ ಕಟ್ಟುವುದಕ್ಕಿಂತ ಅದು ಸುಲಭ, ಅಲ್ವಾ? ಆಕ್ಸ್‌ಫರ್ಡ್‌ನ ದೊಡ್ಡ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಎಂಬ ಮೂರಕ್ಷರದ ಕ್ರಿಯಾಪದಕ್ಕೆ 430ರಷ್ಟು ಅರ್ಥ ಕೊಟ್ಟಿದ್ದರು.

‘ರನ್’ ಕೂಡ ಇಂಥದ್ದೇ. ಇಂಗ್ಲಿಷ್‌ನಲ್ಲಿ ಹುಡುಗ ಓಡುತ್ತಾನೆ, ಬಸ್ಸು ಓಡುತ್ತದೆ, ಮೂಗು ಸೋರುತ್ತದೆ, ಕಂಪನಿ ನಡೆಯುತ್ತದೆ, ಒಬ್ಬರು ಚುನಾವಣೆಗೆ ನಿಲ್ಲುತ್ತಾರೆ. ಎಲ್ಲಕ್ಕೂ ‘ರನ್’ ಸಾಕು. ಪೋಲಿಷ್‌ನಲ್ಲಿ ಇವು ಐದೂ ಐದು ಪದ. ಚುನಾವಣೆಗೆ ‘ಕಾಂದಿದೊವಾಚ್’ ಅನ್ನುತ್ತಾರೆ, ನಮ್ಮ ಕಿವಿಗೂ ಗುರುತು ಸಿಗುವ ‘ಕ್ಯಾಂಡಿಡೇಟ್’ ಅದರೊಳಗೆ ಇದೆ. ನನಗೆ ತುಂಬ ಇಷ್ಟವಾಗಿದ್ದು ಇನ್ನೊಂದು. ಕಾಲಿಗೆ ಹಾಕುವ ತೆಳು ನೈಲಾನ್ ಚೀಲದಲ್ಲಿ ಎಳೆ ಬಿಟ್ಟು ಉದ್ದಕ್ಕೂ ಗೀರು ಬೀಳುತ್ತದಲ್ಲ, ಅಮೆರಿಕದ ಇಂಗ್ಲಿಷ್‌ನಲ್ಲಿ ಅದೂ ‘ರನ್’. ಪೋಲೆಂಡಿನ ಹೆಂಗಸರು ಅದನ್ನು ‘ಒಚ್ಕೊ’ ಅನ್ನುತ್ತಾರೆ. ಅಂದರೆ ಪುಟ್ಟ ಕಣ್ಣು. ಅಮೆರಿಕನ್ನರಿಗೆ ಎಳೆ ಓಡಿದ್ದು ಕಂಡಿತು. ಪೋಲಿಷರಿಗೆ ಹೆಣಿಗೆಯ ಕಣ್ಣು ಬಿಚ್ಚಿದ್ದು ಕಂಡಿತು.

ಇಲ್ಲಿಯವರೆಗಿನದು ನಿಘಂಟು ತೆರೆದರೆ ಸಿಗುವ ಸಂಗತಿ. ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ಬಗೆಯ ಪದ. ಇಂಗ್ಲಿಷ್‌ನ ‘ಗೋ’ಗೆ ಎಷ್ಟು ಅರ್ಥ? ಊರಿಗೆ ಹೋಗುವ ಮಾತಾದರೆ ಇಂಗ್ಲಿಷ್ ಮಾತಾಡುವವರು ಒಂದೇ ಅನ್ನುತ್ತಾರೆ. ನಮ್ಮ ‘ಹೋಗು’ ಕೂಡ ಹಾಗೆಯೇ. ಪೋಲಿಷರು ಮಾತ್ರ ಒಪ್ಪುವುದಿಲ್ಲ. ನಡೆದು ಹೋದರೆ ‘ಇಶ್ಚ್’, ಗಾಡಿಯಲ್ಲಾದರೆ ‘ಯೆಹಾಚ್’, ವಿಮಾನದಲ್ಲಾದರೆ ‘ಲೆಚೆಚ್’, ನೀರಿನ ಮೇಲಾದರೆ ‘ಪ್ವಿನೊಂಚ್’. ‘ಅವಳು ಅಜ್ಜಿ ಮನೆಗೆ ಹೋದಳು’ ಎಂಬ ಸಾಲನ್ನು ಪೋಲಿಷ್‌ಗೆ ತರಬೇಕಾದರೆ ಅಜ್ಜಿಯ ಮನೆ ಎಷ್ಟು ದೂರ ಎಂದು ಮೊದಲು ಕೇಳಬೇಕು! ಪದದೊಳಗೆ ಎಷ್ಟು ಅರ್ಥ ಇದೆ ಎಂಬುದು ಎದುರಿಗೆ ಯಾವ ಭಾಷೆ ನಿಂತಿದೆ ಎಂಬುದರ ಮೇಲೆ ನಿಂತಿದೆ ಎಂದು ನನಗೆ ಅರ್ಥವಾಗಿದ್ದು ಇಂಥ ಸಾಲುಗಳಿಂದಲೇ.

‘ನೋ’ ಎಂಬ ತಿಳಿವಿನ ಪದವೂ ಹಾಗೆಯೇ ಒಡೆಯುತ್ತದೆ. ಸಂಗತಿ ಗೊತ್ತಿದ್ದರೆ ‘ವ್ಯೆಮ್’. ವ್ಯಕ್ತಿಯ ಪರಿಚಯ ಇದ್ದರೆ ‘ಜ್ನಾಮ್’. ಈಜು ಬರುತ್ತದೆ ಎನ್ನಲು ‘ಉಮ್ಯೆಮ್’. ಇಂಗ್ಲಿಷ್ ಮನೆಮಾತಿನವರು ಇದನ್ನು ಕಷ್ಟಪಟ್ಟು ಕಲಿಯುತ್ತಾರೆ. ಕನ್ನಡಿಗರಿಗೆ ಕಷ್ಟವೇ ಇಲ್ಲ. ಗೊತ್ತು, ಪರಿಚಯ, ಬರುತ್ತೆ ಎಂದು ನಾವೂ ಬೇರೆ ಬೇರೆಯಾಗಿಯೇ ಹೇಳುತ್ತೇವಲ್ಲ. ಮೈಯ ಭಾಗಗಳಲ್ಲೂ ಈ ನೆಂಟಸ್ತಿಕೆ ಇದೆ. ಪೋಲಿಷ್‌ನ ‘ರೆಂಕಾ’ ನಮ್ಮ ‘ಕೈ’ ಹಾಗೆ ಭುಜದಿಂದ ಬೆರಳ ತುದಿಯವರೆಗೂ ಸಲ್ಲುತ್ತದೆ. ‘ನೋಗಾ’ ಅಂದರೆ ಇಡೀ ಕಾಲು. ‘ಪಾಲೆತ್ಸ್’ ಅಂದರೆ ಬೆರಳು, ಕೈಯದ್ದೂ ಹೌದು, ಕಾಲಿನದ್ದೂ ಹೌದು. ಇಂಗ್ಲಿಷ್ ಇವೆಲ್ಲವನ್ನೂ ಎರಡೆರಡು ಪದಗಳಾಗಿ ಕತ್ತರಿಸಿಕೊಂಡಿದೆ.

ಕಂಪ್ಯೂಟರಿನ ‘ಸೇವ್’ ಗುಂಡಿಯಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಜೀವ ಉಳಿಸು, ದುಡ್ಡು ಉಳಿಸು, ಬರೆದ ಕಡತ ಉಳಿಸು. ಇಲ್ಲಿ ಕನ್ನಡ ಇಂಗ್ಲಿಷ್‌ನ ಜೊತೆಗಿದೆ. ಪೋಲಿಷ್‌ನಲ್ಲಿ ಜೀವಕ್ಕೆ ‘ಉರಾತೊವಾಚ್’, ದುಡ್ಡಿಗೆ ‘ಓಶ್ಚೆನ್‌ಜಾಚ್’, ಕಡತಕ್ಕೆ ‘ಜಾಪಿಸಾಚ್’, ಅಂದರೆ ಬರೆದಿಡು. ಸಾಫ್ಟ್‌ವೇರ್ ಅನುವಾದ ಮಾಡುವವರ ಕಷ್ಟ ಇಲ್ಲೇ ಇರುವುದು. ಅವರ ಮುಂದೆ ಬರುವುದು ಸಾಲಲ್ಲ, ಒಂಟಿ ಪದಗಳ ಉದ್ದ ಪಟ್ಟಿ. ‘ಓಪನ್’ ಎಂದಿದ್ದರೆ ತೆರೆ ಎಂಬ ಅಪ್ಪಣೆಯೋ, ತೆರೆದಿದೆ ಎಂಬ ಸ್ಥಿತಿಯೋ? ಪೋಲಿಷ್‌ನಲ್ಲಿ ಎರಡಕ್ಕೂ ಒಂದೇ ರೂಪ ನಡೆಯುವುದಿಲ್ಲ. ಆ ಪರದೆ ಹೇಗಿದೆ ಎಂದು ಚಿತ್ರ ಕಳಿಸಿ ಅನ್ನುವ ಅನುವಾದಕರು ಸುಮ್ನೆ ತೊಂದರೆ ಕೊಡುತ್ತಿಲ್ಲ.

ಯಂತ್ರಕ್ಕೆ ಇದನ್ನು ಕಲಿಸುವ ಯೋಚನೆ ಹಳೆಯದು. 1949ರಲ್ಲಿ ಅಮೆರಿಕದ ಗಣಿತಜ್ಞ ವಾರೆನ್ ವೀವರ್ ಒಂದು ಟಿಪ್ಪಣಿ ಬರೆದರು. ಪುಸ್ತಕದ ಪುಟದ ಮೇಲೆ ರಟ್ಟು ಇಟ್ಟು, ಒಂದೇ ಪದ ಕಾಣುವಷ್ಟು ತೂತು ಮಾಡಿ ಎಂದರು. ಅರ್ಥ ಹೊಳೆಯುವುದಿಲ್ಲ. ತೂತನ್ನು ಎರಡೂ ಕಡೆ ಅಗಲ ಮಾಡುತ್ತ ಹೋಗಿ, ಒಂದು ಹಂತದಲ್ಲಿ ಹೊಳೆಯುತ್ತದೆ. ಎಷ್ಟು ಅಗಲ ಸಾಕು ಎಂಬುದೇ ಅವರ ಪ್ರಶ್ನೆಯಾಗಿತ್ತು.

1960ರಲ್ಲಿ ಇಸ್ರೇಲಿನ ಭಾಷಾತಜ್ಞ ಯೆಹೋಶುವಾ ಬಾರ್-ಹಿಲೆಲ್ ಇದಕ್ಕೆ ಒಂದು ಗಟ್ಟಿ ಸವಾಲು ಹಾಕಿದರು. ಪುಟ್ಟ ಜಾನ್ ತನ್ನ ಆಟಿಕೆ ಪೆಟ್ಟಿಗೆ ಹುಡುಕುತ್ತಿದ್ದ. ಕೊನೆಗೆ ಸಿಕ್ಕಿತು. ಪೆಟ್ಟಿಗೆ ‘ಪೆನ್’ನೊಳಗೆ ಇತ್ತು. ಇಂಗ್ಲಿಷ್‌ನಲ್ಲಿ ‘ಪೆನ್’ ಬರೆಯುವ ಸಾಧನವೂ ಹೌದು, ಮಗುವನ್ನು ಆಡಲು ಬಿಡುವ ಸುತ್ತುಕಟ್ಟೂ ಹೌದು. ಪೋಲಿಷ್‌ನಲ್ಲಿ ಮೊದಲನೆಯದು ‘ದ್ವುಗೊಪಿಸ್’, ಎರಡನೆಯದು ‘ಕೋಯೆತ್ಸ್’. ಪೆಟ್ಟಿಗೆ ಬರೆಯುವ ಪೆನ್ನಿನೊಳಗೆ ಹಿಡಿಯುವುದಿಲ್ಲ ಎಂದು ಮೂರು ವರ್ಷದ ಮಗುವಿಗೂ ಗೊತ್ತು. ಆದರೆ ಅದು ಯಾವ ನಿಘಂಟಿನಲ್ಲೂ ಬರೆದಿಲ್ಲ. ಲೋಕದ ತಿಳಿವಳಿಕೆ ಯಂತ್ರಕ್ಕೆ ಎಲ್ಲಿಂದ ಬರಬೇಕು ಎಂದು ಅವರು ಕೇಳಿದರು.

ಒಂದು ಉತ್ತರ, ಪದಗಳ ನಂಟನ್ನು ಕೈಯಿಂದಲೇ ಹೆಣೆಯುವುದು. ಪೋಲೆಂಡಿನ ವ್ರೊತ್ಸ್ವಾಫ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 2005ರಿಂದ ‘ಸ್ವೊವೊಶೆಚ್’ ಎಂಬ ಕೆಲಸ ನಡೆದಿದೆ. ಹೆಸರಿನ ಅರ್ಥ ಪದಬಲೆ. ಪೋಲಿಷ್ ಪದದ ಒಂದೊಂದು ಅರ್ಥಕ್ಕೂ ಅಲ್ಲಿ ಒಂದೊಂದು ಗಂಟು. ಇಂಗ್ಲಿಷ್‌ನ ಅಂಥದ್ದೇ ಬಲೆಯ ಗಂಟುಗಳಿಗೂ ಅವನ್ನು ಕಟ್ಟಿದ್ದಾರೆ. ವರ್ಷಗಟ್ಟಲೆ ತಾಳ್ಮೆಯಿಂದ ಮಾಡಿದ ಈ ಕೆಲಸವನ್ನು ನೆನೆದರೆ ನನಗೆ ಗೌರವ ಮೂಡುತ್ತದೆ.

ಇನ್ನೊಂದು ಉತ್ತರ 2017ರಲ್ಲಿ ಬಂತು, ಭಾಷೆ ಕಲಿಯುವ ಆ ಕಂಪ್ಯೂಟರ್ ಮಾದರಿಯ ಹೆಸರು ಟ್ರಾನ್ಸ್‌ಫಾರ್ಮರ್. ಅದನ್ನು ರೂಪಿಸಿದ ಎಂಟು ಜನರಲ್ಲಿ ಒಬ್ಬರಾದ ವುಕಾಶ್ ಕೈಸರ್ ಪೋಲೆಂಡಿನವರು, ಅದೇ ವ್ರೊತ್ಸ್ವಾಫ್‌ನಲ್ಲಿ ಓದಿದವರು. ಈ ಯಂತ್ರದಲ್ಲಿ ಪ್ರತಿ ಪದವೂ ಅಂಕಿಗಳ ಒಂದು ಸಾಲು. ವಾಕ್ಯದ ಉಳಿದ ಪದಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು ಎಂದು ನೋಡಿ ಆ ಅಂಕಿಗಳು ಬದಲಾಗುತ್ತ ಹೋಗುತ್ತವೆ. ‘ಪ್ರಾಣಿ ರಸ್ತೆ ದಾಟಲಿಲ್ಲ, ಯಾಕೆಂದರೆ ಅದು ತುಂಬ ದಣಿದಿತ್ತು.’ ದಣಿದದ್ದು ಪ್ರಾಣಿ. ‘ಅದು ತುಂಬ ಅಗಲವಾಗಿತ್ತು’ ಎಂದರೆ ಅಗಲವಾದದ್ದು ರಸ್ತೆ. ನಮಗೆ ಎರಡಕ್ಕೂ ‘ಅದು’ ನಡೆಯುತ್ತದೆ. ಪೋಲಿಷ್‌ನಲ್ಲಿ ಪ್ರಾಣಿ ನಪುಂಸಕ, ರಸ್ತೆ ಹೆಣ್ಣು. ‘ಇತ್ತು’ ಎನ್ನಲು ಮೊದಲನೆಯದಕ್ಕೆ ‘ಬಿವೊ’, ಎರಡನೆಯದಕ್ಕೆ ‘ಬಿವಾ’ ಅನ್ನಬೇಕು. ವೀವರ್ ಅವರ ತೂತು ಈಗ ವಾಕ್ಯವನ್ನೂ ದಾಟಿ ಪುಟದಷ್ಟು ಅಗಲವಾಗಿದೆ.

ಎಷ್ಟು ಅಗಲ ಮಾಡಿದರೂ ಸಿಗದ ಉತ್ತರಗಳೂ ಇವೆ. ‘ನಾನು ದಣಿದಿದ್ದೆ.’ ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಇದನ್ನು ಯಾರು ಬೇಕಾದರೂ ಹೇಳಬಹುದು. ಪೋಲಿಷ್‌ನಲ್ಲಿ ಗಂಡಸು ‘ಬಿವೆಮ್’ ಅನ್ನುತ್ತಾನೆ, ಹೆಂಗಸು ‘ಬಿವಾಮ್’ ಅನ್ನುತ್ತಾಳೆ. ಇಂಗ್ಲಿಷ್ ಪತ್ರದಲ್ಲಿ ಬರೆದವರು ಯಾರೆಂಬ ಸುಳಿವು ಇಲ್ಲದಿದ್ದರೆ ಯಂತ್ರ ಊಹಿಸಲೇಬೇಕು. ‘ಯೂ’ ಬಂದರೂ ಅಷ್ಟೇ. ಸ್ನೇಹಿತನಿಗೆ ‘ತಿ’, ಅಪರಿಚಿತ ಗಂಡಸಿಗೆ ‘ಪಾನ್’, ಹೆಂಗಸಿಗೆ ‘ಪಾನಿ’. ನಮ್ಮ ನೀನು, ನೀವು ಎಂಬ ಎಚ್ಚರಕ್ಕಿಂತ ಇದು ಒಂದು ಮೆಟ್ಟಿಲು ಹೆಚ್ಚು. ಭಾಷೆಗಳು ಏನನ್ನು ಹೇಳಬಲ್ಲವು ಎನ್ನುವುದರಲ್ಲಿ ಅಷ್ಟೇನೂ ಬೇರೆಯಲ್ಲ, ಏನನ್ನು ಹೇಳಲೇಬೇಕು ಎನ್ನುವುದರಲ್ಲಿ ಬೇರೆ ಎಂದು ಭಾಷಾತಜ್ಞ ರೋಮನ್ ಯಾಕಬ್ಸನ್ 1959ರಲ್ಲೇ ಬರೆದಿದ್ದರು. ಇಂಗ್ಲಿಷ್ ಬಾಯಿ ಬಿಡದ ಕಡೆ ಪೋಲಿಷ್ ಬಾಯಿ ಬಿಡಿಸುತ್ತದೆ.

ಕೆಲವು ಪದಗಳು ಮಾತ್ರ ತಮ್ಮ ಎರಡು ಅರ್ಥಗಳನ್ನೂ ಹೊತ್ತುಕೊಂಡೇ ಗಡಿ ದಾಟುತ್ತವೆ. ಇಂಗ್ಲಿಷ್‌ನ ‘ಕ್ರೇನ್’ ಉದ್ದ ಕತ್ತಿನ ಹಕ್ಕಿಯೂ ಹೌದು, ಭಾರ ಎತ್ತುವ ಯಂತ್ರವೂ ಹೌದು. ಪೋಲಿಷ್‌ನ ‘ಝುರಾಫ್’ ಕೂಡ ಅವೆರಡೂ ಹೌದು. ಹಳೆಯ ಗ್ರೀಕ್ ಭಾಷೆಯಲ್ಲೂ ಹಕ್ಕಿಯ ಹೆಸರೇ ಯಂತ್ರಕ್ಕೆ ಬಂದಿತ್ತು. ಗ್ದಾನ್ಸ್ಕ್ ಬಂದರಿನಲ್ಲಿ, ಮೊತ್ವಾವಾ ನದಿಯ ದಡದ ಮೇಲೆ, 1440ರ ದಶಕದಲ್ಲಿ ಕಟ್ಟಿದ ಒಂದು ಝುರಾಫ್ ಇದೆ. ಒಳಗೆ ದೊಡ್ಡ ಮರದ ಗಾಲಿಗಳು. ಆಳುಗಳು ಆ ಗಾಲಿಯೊಳಗೆ ನಡೆಯುತ್ತ ಹಡಗಿನ ಸರಕು ಎತ್ತುತ್ತಿದ್ದರು. 1945ರ ಯುದ್ಧದಲ್ಲಿ ಅದು ಸುಟ್ಟು ಹಾಳಾಯಿತು, ಆಮೇಲೆ ಮತ್ತೆ ಕಟ್ಟಿದರು. ಪೋಲೆಂಡಿನ ಹಳ್ಳಿಗಳಲ್ಲಿ ಝುರಾಫ್‌ಗೆ ಮೂರನೆಯ ಅರ್ಥವೂ ಇದೆ. ಬಾವಿಯ ಪಕ್ಕ ಕವಲು ಕಂಬ, ಅದರ ಮೇಲೆ ಏರಿಳಿಯುವ ಉದ್ದ ಮರ, ಮರದ ತುದಿಗೆ ಬಕೆಟ್. ಇಂಗ್ಲಿಷ್‌ನ ‘ಕ್ರೇನ್’ ಎಂದರೆ ಈ ಚಿತ್ರ ಯಾರ ಕಣ್ಣಿಗೂ ಬರುವುದಿಲ್ಲ. ಕನ್ನಡದಲ್ಲಿ ಅದಕ್ಕೆ ಎರಡೇ ಅಕ್ಷರದ ಪದ ಇದೆ: ಏತ.