ಕಾರ್ಖಾನೆ ಕಟ್ಟಿಟ್ಟ ಗಂಟು: ಅಮೆರಿಕದ ಡೀಸೆಲ್ ಪಿಕಪ್‌ಗೆ ಟ್ಯೂನರ್ ಬಂದ ದಾರಿ

1996ರ ಡಾಡ್ಜ್ ರಾಮ್ ಪಿಕಪ್‌ನಲ್ಲಿ ಕಮಿನ್ಸ್ 5.9 ಲೀಟರ್ ಎಂಜಿನ್ ಎರಡು ಲೆಕ್ಕದಲ್ಲಿ ಬರುತ್ತಿತ್ತು. ಮ್ಯಾನುಯಲ್ ಗೇರಿನ ಗಾಡಿಗೆ 215 ಅಶ್ವಶಕ್ತಿ, ಆಟೊಮ್ಯಾಟಿಕ್‌ಗೆ 180. ಮೂಲ ಎಂಜಿನ್ ಒಂದೇ, ಅದಕ್ಕೆ ಸಿಗುವ ಇಂಧನದ ಅಳತೆ ಬೇರೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅಷ್ಟು ಟಾರ್ಕ್ (ತಿರುಗಿಸುವ ಬಲ) ತಾಳುವುದಿಲ್ಲವೆಂದು ತಯಾರಕರೇ ಎಂಜಿನ್ನಿನ ಕೈ ಕಟ್ಟಿದ್ದರು. ಟ್ಯೂನರ್, ಅಂದರೆ ಇಂಧನದ ಲೆಕ್ಕ ಬದಲಿಸಿ ಎಂಜಿನ್ನಿನ ಶಕ್ತಿ ಏರಿಸುವ ಡಬ್ಬಿ; ಅದರ ವ್ಯಾಪಾರ ಹುಟ್ಟಿದ್ದು ಈ ಜಾಗದಲ್ಲಿ. ಡಬ್ಬಿಯೊಳಗೆ ಶಕ್ತಿ ಇರುವುದಿಲ್ಲ. ಗೇರ್‌ಬಾಕ್ಸ್, ಬಿಸಿ, ಬಾಳಿಕೆ, ಹೊಗೆಯ ಕಾನೂನು ಎಂದು ಕಾರ್ಖಾನೆ ಗಂಟು ಕಟ್ಟಿಟ್ಟದ್ದನ್ನು ಅದು ಬಿಚ್ಚಿ ಖರ್ಚು ಮಾಡುತ್ತದೆ. ಯಾವ ಗಂಟು ಬಿಚ್ಚಿದೆವು ಎಂಬುದರ ಮೇಲೆ ಮುಂದೆ ಏನು ಮುರಿಯುತ್ತದೆ ಎಂಬುದು ನಿಂತಿದೆ.

ಮೊದಲಿಗೆ ಕಂಪ್ಯೂಟರ್ ಇರಲಿಲ್ಲ. 1989ರಲ್ಲಿ ಡಾಡ್ಜ್‌ಗೆ ಬಂದ ಮೊದಲ ಕಮಿನ್ಸ್‌ನಲ್ಲಿ 160 ಅಶ್ವಶಕ್ತಿ, 400 ಪೌಂಡ್-ಅಡಿ ಟಾರ್ಕ್, ಬಾಷ್‌ನ ವಿಇ ಪಂಪ್. 1994ರಲ್ಲಿ ಅದರ ಜಾಗಕ್ಕೆ ಪಿ7100 ಬಂತು. ಈ ಪಂಪ್ ಪೂರ್ತಿ ಯಾಂತ್ರಿಕ. ಮೇಲಿನ, ಟರ್ಬೊ ಗಾಳಿಗೆ ತಕ್ಕಂತೆ ಇಂಧನವನ್ನು ಹಿಡಿತದಲ್ಲಿಡುವ ಎಎಫ್‌ಸಿ ಕವಚ ಬಿಚ್ಚಿದರೆ ಒಳಗೆ ಎರಡು ತಿರುಪಿನಲ್ಲಿ ಕೂತ ಒಂದು ಉಕ್ಕಿನ ತಗಡು ಕಾಣುತ್ತದೆ. ಅದೇ ಫ್ಯೂಯೆಲ್ ಪ್ಲೇಟ್. ಅದನ್ನು ಮುಂದಕ್ಕೆ ಸರಿಸಿದರೆ ರ‍್ಯಾಕ್ ಎಂಬ, ಇಂಧನ ಅಳೆಯುವ ಸರಳು ಇನ್ನಷ್ಟು ದೂರ ಓಡುತ್ತದೆ, ಇಂಧನ ಹೆಚ್ಚುತ್ತದೆ. ತಗಡಿನ ಅಂಚನ್ನು ಬೇರೆ ಆಕಾರಕ್ಕೆ ಅರೆದು ಮಾರುವವರೂ ಇದ್ದರು. ವೇಗಕ್ಕೆ ಮಿತಿ ಹಾಕುವ ಗವರ್ನರ್ ಸ್ಪ್ರಿಂಗ್ ಬದಲಿಸಿದರೆ ನಿಮಿಷಕ್ಕೆ ಸುಮಾರು 2500 ಸುತ್ತಿನ ಆಸುಪಾಸಿನಲ್ಲೇ ಇಂಧನ ಕಡಿತವಾಗುತ್ತಿದ್ದ ಎಂಜಿನ್ 3000 ಆರ್‌ಪಿಎಂವರೆಗೆ ಎಳೆಯುತ್ತಿತ್ತು.

ಮೂರನೆಯ ಕೆಲಸ ಟೈಮಿಂಗ್ ಬೇಗವಾಗಿಸುವುದು, ಅಂದರೆ ಪಿಸ್ಟನ್ ಮೇಲೆ ತಲುಪುವ ಮೊದಲೇ ಇನ್ನೂ ಕೆಲವು ಡಿಗ್ರಿ ಬೇಗ ಇಂಧನ ಚಿಮ್ಮಿಸುವುದು. ಹೆಚ್ಚಿನವರು ಕೈಸುಟ್ಟುಕೊಂಡದ್ದು ಇಲ್ಲಿ. ಪಿ7100ರ ಶಾಫ್ಟಿನ ತುದಿ ಮೊನಚಾಗಿ ಇಳಿಜಾರಾಗಿದೆ. ಗೇರನ್ನು ಅದರ ಮೇಲೆ ಹಿಡಿದಿಡಲು ಕೀಲಿ ಇಲ್ಲ, ಬರೀ ನಟ್ಟಿನ ಬಿಗಿತ. ಬ್ರೇಕ್ ಕ್ಲೀನರ್ ಹಾಕಿ ಎರಡೂ ಮೇಲ್ಮೈಯಿಂದ ಎಣ್ಣೆಯ ಪಸೆ ಪೂರ್ತಿ ತೆಗೆಯದೆ ಜೋಡಿಸಿದರೆ ಗೇರ್ ಜಾರುತ್ತದೆ. ಟೈಮಿಂಗ್ ತಡವಾಗಿ ಗಾಡಿ ಬಿಳಿ ಹೊಗೆ ಕಾರುತ್ತದೆ, ಇಲ್ಲವೇ ಸ್ಟಾರ್ಟೇ ಆಗುವುದಿಲ್ಲ.

1994ರ ನಡುವೆ ಫೋರ್ಡ್ 7.3 ಲೀಟರ್ ಪವರ್‌ಸ್ಟ್ರೋಕ್ ತಂದಾಗ ಆಟದ ಕಣ ಬದಲಾಯಿತು. ಇದರ ಇಂಜೆಕ್ಟರ್‌ಗಳನ್ನು ಒತ್ತುವುದು ಎಂಜಿನ್ ಆಯಿಲ್. ಯಾವಾಗ, ಎಷ್ಟು ಹೊತ್ತು ಎಂದು ಹೇಳುವುದು ಕಂಪ್ಯೂಟರ್. ಕಾರ್ಖಾನೆಯ ಪರೀಕ್ಷೆಗೆಂದು ಆ ಕಂಪ್ಯೂಟರಿನ ಹಿಂಬದಿಯಲ್ಲಿ ಜೆ3 ಎಂಬ ಕಿಂಡಿ ಬಿಟ್ಟಿದ್ದರು. ಅಲ್ಲಿ ಚಿಪ್ ಸಿಕ್ಕಿಸಿದರೆ ಇಂಧನದ ಲೆಕ್ಕವಿರುವ ಮೂಲ ಪಟ್ಟಿಗಳ ಬದಲು ಚಿಪ್ಪಿನ ಪಟ್ಟಿಗಳು ಓದಿಸಿಕೊಳ್ಳುತ್ತವೆ. ಬ್ಯಾಟರಿ ಕಳಚಿ, ಜೆ3 ಸಂಪರ್ಕಗಳ ಮೇಲಿನ ತೆಳು ರಕ್ಷಣಾ ಲೇಪವನ್ನು ನಯವಾಗಿ ಉಜ್ಜಿ ತೆಗೆಯಬೇಕಿತ್ತು. ಉಜ್ಜಿದ್ದು ಸಾಲದಿದ್ದರೆ ಗುಂಡಿ ಹಾರಿದೊಡನೆ ಚಿಪ್ ಸಂಪರ್ಕ ತಪ್ಪಿ ಎಂಜಿನ್ ರಸ್ತೆಯಲ್ಲೇ ಆರಿಹೋಗುತ್ತಿತ್ತು. ಚಿಪ್ ಕೆಟ್ಟಿದೆ ಎಂದು ವಾಪಸು ಕೊಟ್ಟವರಲ್ಲಿ ಎಷ್ಟು ಜನರ ಗಾಡಿಯಲ್ಲಿ ಕೆಟ್ಟದ್ದು ಆ ಲೇಪವೋ!

1998ರ ನಡುವೆ ಕಮಿನ್ಸ್ 24 ವಾಲ್ವ್ ಆಯಿತು, ವಿಪಿ44 ಎಂಬ ಎಲೆಕ್ಟ್ರಾನಿಕ್ ಪಂಪ್ ಹೊತ್ತುಬಂತು. ಅದರ ಸೊಲೆನಾಯ್ಡ್ (ವಿದ್ಯುತ್ತಿನಿಂದ ಕೆಲಸ ಮಾಡುವ ವಾಲ್ವ್) ತಂತಿಗೆ ಕೊಂಡಿ ಹಾಕಿ ಇಂಧನ ಚಿಮ್ಮುವ ಅವಧಿ ಹಿಗ್ಗಿಸುವ ಡಬ್ಬಿಗಳು ಮಾರುಕಟ್ಟೆಗೆ ಬಂದವು. ಆದರೆ ವಿಪಿ44 ತಣ್ಣಗಿರುವುದೂ ನುಣುಪಾಗಿ ತಿರುಗುವುದೂ ತನ್ನೊಳಗೆ ಹರಿಯುವ ಡೀಸೆಲ್‌ನಿಂದಲೇ. ಅದಕ್ಕೆ ಡೀಸೆಲ್ ಉಣಿಸುವ ಕಾರ್ಖಾನೆಯ ಲಿಫ್ಟ್ ಪಂಪ್ ಬಡಕಲು. ಪೂರ್ತಿ ಎಳೆತದಲ್ಲಿ ಒತ್ತಡ 5 ಪಿಎಸ್‌ಐಗಿಂತ (ಚದರ ಇಂಚಿಗೆ ಪೌಂಡ್) ಕೆಳಗಿಳಿದರೆ ವಿಪಿ44ರ ದಿನ ಎಣಿಸುವುದೇ ಕೆಲಸ. ಡಬ್ಬಿ ಹಾಕಿದವರು ಇಂಧನದ ಬೇಡಿಕೆ ಏರಿಸಿದರು, ಲಿಫ್ಟ್ ಪಂಪ್ ಮುಟ್ಟಲಿಲ್ಲ. ಈ ಎಂಜಿನ್‌ನಲ್ಲಿ ಟ್ಯೂನರ್‌ಗಿಂತ ಮೊದಲು ಕೊಳ್ಳಬೇಕಾದದ್ದು ಇಂಧನ ಒತ್ತಡದ ಗೇಜ್.

ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಉಣಿಸುವ ಒಂದೇ ಅಧಿಕ ಒತ್ತಡದ ಕೊಳವೆ, ಬಂದ ಮೇಲೆ ಟ್ಯೂನಿಂಗ್ ಸುಲಭವೂ ಆಯಿತು, ಮೋಸವೂ ಸುಲಭವಾಯಿತು. ಜನರಲ್ ಮೋಟಾರ್ಸ್ (ಜಿಎಂ) ಕಂಪನಿಯ 2001ರ ಡ್ಯೂರಾಮ್ಯಾಕ್ಸ್ ಎಲ್‌ಬಿ7ಗೆ 300 ಅಶ್ವಶಕ್ತಿ, 520 ಪೌಂಡ್-ಅಡಿ, ರೈಲಿನಲ್ಲಿ ಸುಮಾರು 23,000 ಪಿಎಸ್‌ಐ. 2003ರಲ್ಲಿ ಕಮಿನ್ಸ್ ಕೂಡ ಅದೇ ದಾರಿ ಹಿಡಿಯಿತು. ಮೊದಲ ಅಗ್ಗದ ಡಬ್ಬಿಗಳು ಮಾಡುತ್ತಿದ್ದದ್ದು ಶುದ್ಧ ಸುಳ್ಳು: ರೈಲ್ ಒತ್ತಡದ ಸೆನ್ಸರ್ ಕೊಡುವ ವೋಲ್ಟೇಜನ್ನು ದಾರಿಯಲ್ಲಿ ತಡೆದು ಕಡಿಮೆ ಮಾಡಿ ಇಸಿಎಂಗೆ (ಎಂಜಿನ್ನಿನ ಕಂಪ್ಯೂಟರ್) ಕಳಿಸುವುದು. ಒತ್ತಡ ಸಾಲದೆಂದು ಭಾವಿಸಿದ ಇಸಿಎಂ ಪಂಪನ್ನು ಇನ್ನಷ್ಟು ದುಡಿಸುತ್ತದೆ. ಅದೇ ಅವಧಿಯಲ್ಲಿ ಹೆಚ್ಚು ಡೀಸೆಲ್ ಒಳಹೋಗುತ್ತದೆ, ಇಸಿಎಂಗೆ ಮಾತ್ರ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಅದು ಟೈಮಿಂಗ್ ಹೊಂದಿಸದು, ಗೇರ್‌ಬಾಕ್ಸಿಗೆ ನಿಜವಾದ ಟಾರ್ಕ್ ಎಷ್ಟೆಂದು ತಿಳಿಸದು. ಮಿತಿ ಮೀರಿದ ದಿನ ರೈಲಿನ ರಿಲೀಫ್ ವಾಲ್ವ್ ತೆರೆದುಕೊಳ್ಳುತ್ತದೆ. ಒಮ್ಮೆ ತೆರೆದದ್ದು ಮತ್ತೆ ಗಟ್ಟಿಯಾಗಿ ಮುಚ್ಚುವ ಭರವಸೆ ಇಲ್ಲ. ಮರುದಿನ ಬೆಳಗ್ಗೆ ಸ್ಟಾರ್ಟ್ ಆಗಲು ತಿಣುಕಾಟ, ರೈಲ್ ಒತ್ತಡ ಸಾಲದೆಂಬ ಪಿ0087 ಕೋಡ್. ಪಂಪ್ ಹೋಯಿತೆಂದು ಬದಲಿಸುವ ಮುನ್ನ ಆ ವಾಲ್ವಿನ ಹಿಂತಿರುಗು ಕೊಳವೆಯಲ್ಲಿ ಡೀಸೆಲ್ ಸೋರುತ್ತಿದೆಯೇ ನೋಡಬೇಕು.

ಇದಕ್ಕೆ ಹೋಲಿಸಿದರೆ ಗಾಡಿಯ ದೋಷ ಪರೀಕ್ಷಿಸುವ ಒಬಿಡಿ-2 ಕಿಂಡಿಯಿಂದ ಇಸಿಎಂನ ಪಟ್ಟಿಗಳನ್ನೇ ಮರುಬರೆಯುವ ಫ್ಲ್ಯಾಶ್ ಟ್ಯೂನರ್ ಪ್ರಾಮಾಣಿಕ. ಇಂಜೆಕ್ಟರ್ ತೆರೆದಿರುವ ಅವಧಿ, ಟೈಮಿಂಗ್, ರೈಲ್ ಒತ್ತಡ, ಟರ್ಬೊ ವೇನ್‌ಗಳ ಸ್ಥಾನ, ಟಾರ್ಕ್ ಮಿತಿ ಎಲ್ಲವನ್ನೂ ಒಟ್ಟಿಗೆ ಬದಲಿಸಬಹುದು. ಇಂಥ ಬದಲಾವಣೆಯಲ್ಲಿ ಎಷ್ಟು ಗಂಟು ಇದೆ ಎಂದು ಫೋರ್ಡ್ ತಾನೇ ತೋರಿಸಿಕೊಟ್ಟಿತು. 2011ರ ಮಾದರಿಯ 6.7 ಪವರ್‌ಸ್ಟ್ರೋಕ್ 390 ಅಶ್ವಶಕ್ತಿ, 735 ಪೌಂಡ್-ಅಡಿಯೊಂದಿಗೆ ಹೊರಬಂದು ಕೆಲವೇ ತಿಂಗಳಲ್ಲಿ 400 ಮತ್ತು 800 ಆಯಿತು. ಈಗಾಗಲೇ ಕೊಂಡವರಿಗೂ ಅದೇ ಸಾಫ್ಟ್‌ವೇರನ್ನು ಡೀಲರ್‌ಗಳು ಪುಕ್ಕಟೆ ಹಾಕಿಕೊಟ್ಟರು. ಕಬ್ಬಿಣದ ಒಂದು ತುಂಡೂ ಬದಲಾಗಲಿಲ್ಲ.

ಹಾಗಾದರೆ ಮುರಿಯುವುದು ಯಾವುದು? ಡೀಸೆಲ್ ಎಂಜಿನ್‌ಗೆ ಗಾಳಿ ತಡೆಯುವ ಥ್ರಾಟಲ್‌ನ ಹಂಗಿಲ್ಲ, ಇಂಧನ ಹೆಚ್ಚಿದಷ್ಟೂ ಶಕ್ತಿ ಹೆಚ್ಚು. ಆದರೆ ಗಾಳಿ ಸಾಲದಾದಾಗ ಉಳಿದ ಇಂಧನ ಕಪ್ಪು ಮಸಿಯಾಗಿ, ಬಿಸಿಯಾಗಿ ಹೊರಬರುತ್ತದೆ. ಹೊಗೆಯ ಬಿಸಿ ತಗ್ಗಿಸಲು ಟೈಮಿಂಗ್ ಬೇಗವಾಗಿಸಿದರೆ ಬಿಸಿ ಇಳಿಯುತ್ತದೆ, ಸಿಲಿಂಡರಿನ ಒತ್ತಡ ಏರುತ್ತದೆ, ಅದು ಸಿಲಿಂಡರಿನ ಮುಚ್ಚಳವಾದ ಹೆಡ್ಡನ್ನು ಮೇಲಕ್ಕೆ ಒದೆಯುತ್ತದೆ. 6.0 ಪವರ್‌ಸ್ಟ್ರೋಕ್‌ನ ಹೆಡ್ ಬೋಲ್ಟುಗಳು ಹಿಗ್ಗಿ ಗ್ಯಾಸ್ಕೆಟ್ ಹೋಗುವುದಕ್ಕೆ ಇದೂ ಒಂದು ಕಾರಣ. ಬೋಲ್ಟ್ ತೆಗೆದು ಗಟ್ಟಿ ಸ್ಟಡ್ ಹಾಕುವ ಪದ್ಧತಿ ಹಾಗೆ ಬಂತು. ಟೈಮಿಂಗ್ ಹಾಗೇ ಬಿಟ್ಟು ಬರೀ ಇಂಧನ ಸುರಿದರೆ ಸುಡುವುದು ಪಿಸ್ಟನ್ ಮತ್ತು ಟರ್ಬೊ. ಎರಡರ ನಡುವಿನ ಹಾದಿ ಕಿರಿದು, ಒಳ್ಳೆಯ ಟ್ಯೂನ್ ಬರೆಯುವವರು ಸಂಪಾದಿಸುವುದು ಆ ಕಿರಿದಾದ ಜಾಗದಲ್ಲಿ.

ಇವೆಲ್ಲಕ್ಕೂ ಮೊದಲು ಸೋಲುವುದು ಸಾಮಾನ್ಯವಾಗಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಡ್ಯೂರಾಮ್ಯಾಕ್ಸ್ ಜೊತೆಗಿನ ಆಲಿಸನ್ 1000 ಜಾಣ: ಕ್ಲಚ್ ಜಾರಿದ್ದು ಗೊತ್ತಾದೊಡನೆ ಲಿಂಪ್ ಮೋಡ್‌ಗೆ ಹೋಗಿ ಒಂದೇ ಗೇರ್ ಹಿಡಿದು ಕೂರುತ್ತದೆ. ಎಲ್‌ಬಿ7 ಕಾಲದಲ್ಲಿ ಸುಮಾರು 100 ಅಶ್ವಶಕ್ತಿ ಸೇರಿಸಿದರೆ ಅಲ್ಲಿಗೆ ಅದರ ತಾಳ್ಮೆ ಮುಗಿಯುತ್ತಿತ್ತು. ರಾಮ್‌ನ 47ಆರ್‌ಇ, 48ಆರ್‌ಇಗಳು ಅಷ್ಟು ಮುನ್ನೆಚ್ಚರಿಕೆ ಕೊಡುವುದಿಲ್ಲ. ಎಂಜಿನ್ನನ್ನು ಗೇರ್‌ಬಾಕ್ಸಿಗೆ ಬಿಗಿಹಿಡಿಯುವ ಟಾರ್ಕ್ ಕನ್ವರ್ಟರ್ ಲಾಕಪ್ ಮೆಲ್ಲಗೆ ಜಾರಿ ಆಯಿಲ್ ಸುಟ್ಟ ವಾಸನೆ ಬಂದಾಗಲೇ ತಿಳಿಯುವುದು.

ಈ ಪುರಾಣದ ಇನ್ನೊಂದು ಅಧ್ಯಾಯ 2007ರಲ್ಲಿ ಶುರುವಾಯಿತು. 2006ರ ಅಕ್ಟೋಬರ್‌ನಿಂದ ಅಮೆರಿಕದ ಬಂಕುಗಳಿಗೆ 15 ಪಿಪಿಎಂ ಗಂಧಕದ ಡೀಸೆಲ್ ಬಂತು, ಅದರ ಬೆನ್ನಿಗೆ ಹೊಸ ಪಿಕಪ್‌ಗಳಿಗೆ ಡಿಪಿಎಫ್ ಎಂಬ ಮಸಿ ಸೋಸುಕ. 2010ರ ಹೊತ್ತಿಗೆ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಯೂರಿಯಾ ಚಿಮ್ಮಿಸುವ ಎಸ್‌ಸಿಆರ್ ಕೂಡ ಸೇರತೊಡಗಿತು. ಡಿಪಿಎಫ್ ಮಸಿಯನ್ನು ಹಿಡಿದಿಟ್ಟುಕೊಂಡು ಆಗಾಗ ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟುಹಾಕುತ್ತದೆ. ಹಳೆಯ ಬಗೆಯ ಟ್ಯೂನ್ ಹಾಕಿದರೆ ಮಸಿ ಹೆಚ್ಚು, ಸುಡುವ ಸರದಿ ಮತ್ತೆ ಮತ್ತೆ. 2008ರ 6.4 ಪವರ್‌ಸ್ಟ್ರೋಕ್ ಈ ಸುಡುವಿಕೆಗೆ ಬೇಕಾದ ಇಂಧನವನ್ನು ಸಿಲಿಂಡರ್‌ನೊಳಗೇ ತಡವಾಗಿ ಚಿಮ್ಮಿಸುತ್ತಿತ್ತು. ಅದರಲ್ಲಿ ಒಂದು ಪಾಲು ಗೋಡೆ ಹಿಡಿದು ಇಳಿದು ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುವುದನ್ನು ಕಂಡು ಖುಷಿಪಟ್ಟವರು ಪಾಪ, ಬೇರಿಂಗುಗಳು ತೆಳುವಾದ ಆಯಿಲ್‌ನಲ್ಲಿ ಸವೆಯುತ್ತಿದ್ದವು.

ಈ ತಲೆನೋವಿಗೆ ಮಾರುಕಟ್ಟೆ ಕೊಟ್ಟ ಮದ್ದು 'ಡಿಲೀಟ್': ಡಿಪಿಎಫ್ ಕಿತ್ತು ಬರೀ ಕೊಳವೆ ಹಾಕಿ, ಸೆನ್ಸರ್‌ಗಳು ದೂರು ಹೇಳದಂತೆ ಟ್ಯೂನರ್‌ನಿಂದ ಕೋಡ್ ಮುಚ್ಚಿಸುವುದು. ಕಾನೂನು ಇದಕ್ಕೆ ಎಷ್ಟೋ ಮೊದಲೇ ಸಿದ್ಧವಾಗಿತ್ತು. ಹೊಗೆ ನಿಯಂತ್ರಣ ಉಪಕರಣ ಕೆಡಿಸಬಾರದೆಂದು ಕ್ಲೀನ್ ಏರ್ ಕಾಯಿದೆ 1970ರಲ್ಲೇ ತಯಾರಕರಿಗೂ ಡೀಲರ್‌ಗಳಿಗೂ ಹೇಳಿತ್ತು. 1977ರಲ್ಲಿ ಗ್ಯಾರೇಜುಗಳನ್ನೂ 1990ರಲ್ಲಿ ಗಾಡಿಯ ಮಾಲೀಕರನ್ನೂ ಅದರೊಳಗೆ ತಂದರು, ಜೊತೆಗೆ ಅಂಥ ಉಪಕರಣವನ್ನು ತಯಾರಿಸುವುದು, ಮಾರುವುದು, ಜೋಡಿಸುವುದು ಮೂರೂ ನಿಷಿದ್ಧವಾದವು. 'ರೇಸಿಗೆ ಮಾತ್ರ' ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ರಸ್ತೆ ಗಾಡಿಗೆ ವಿನಾಯಿತಿ ಸಿಗುವುದಿಲ್ಲ. 2013ರಲ್ಲಿ ಡಿಪಿಎಫ್ ತೆಗೆಯಲು ಅನುವಾಗುವ ಸುಮಾರು 9,000 ಟ್ಯೂನರ್ ಮಾರಿದ್ದಕ್ಕೆ ಎಡ್ಜ್ ಪ್ರಾಡಕ್ಟ್ಸ್ 5 ಲಕ್ಷ ಡಾಲರ್ ದಂಡ ಒಪ್ಪಿಕೊಂಡಿತು, ಮಾರಿದ್ದನ್ನು ಮರಳಿ ಕೊಳ್ಳುವ ಹೊಣೆಯನ್ನೂ ಹೊತ್ತಿತು. 2020ರ ನವೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೊಟ್ಟ ಅಂದಾಜು ಇನ್ನೂ ದೊಡ್ಡದು: ಹಿಂದಿನ ಹತ್ತು ವರ್ಷಗಳಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆ ನಿಯಂತ್ರಣ ಕಿತ್ತುಹಾಕಲಾಗಿದೆ, ಅವುಗಳ ಆಯುಷ್ಯದಲ್ಲಿ ಹೆಚ್ಚುವರಿಯಾಗಿ ಹೊಮ್ಮುವ ನೈಟ್ರೋಜನ್ ಆಕ್ಸೈಡ್‌ಗಳು 5,70,000 ಟನ್. ತಯಾರಕರೂ ಸಾಚಾಗಳೇನಲ್ಲ. 2013ರಿಂದ 2019ರವರೆಗಿನ ಸುಮಾರು 6,30,000 ರಾಮ್ ಪಿಕಪ್‌ಗಳ ಎಂಜಿನ್‌ನಲ್ಲಿ ಇಂಥದೇ ಕಳ್ಳ ಸಾಫ್ಟ್‌ವೇರ್ ಇತ್ತೆಂಬ ಆರೋಪಕ್ಕೆ ಕಮಿನ್ಸ್ 167.5 ಕೋಟಿ ಡಾಲರ್ ದಂಡ ಒಪ್ಪಿದ್ದು ಆಮೇಲಿನ ಕಥೆ.

ಈಗ ಕಾನೂನಿನೊಳಗೆ ಟ್ಯೂನರ್ ಹಾಕುವವರು ಮೊದಲು ನೋಡಬೇಕಾದದ್ದು ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಕಾರ್ಬ್ ಕೊಡುವ ಎಕ್ಸಿಕ್ಯೂಟಿವ್ ಆರ್ಡರ್ (ಅನುಮತಿ ಪತ್ರ) ಸಂಖ್ಯೆ. ಆ ಸಂಖ್ಯೆ ನಿಮ್ಮ ಗಾಡಿಯ ವರ್ಷಕ್ಕೂ ಎಂಜಿನ್‌ಗೂ ಅನ್ವಯಿಸಬೇಕು. ಬರೀ ಡಬ್ಬಿಯ ಮೇಲೆ ಅಚ್ಚಾಗಿದ್ದರೆ ಸಾಲದು. ಇಂಥ ಟ್ಯೂನ್‌ನಲ್ಲಿ ಡಿಪಿಎಫ್, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್, ಯೂರಿಯಾ ಎಲ್ಲ ಇದ್ದಲ್ಲೇ ಇದ್ದು ಕೆಲಸ ಮಾಡುತ್ತವೆ, ಶಕ್ತಿಯ ಏರಿಕೆಯೂ ಸೌಮ್ಯ.

ಗೇಜ್ ಮೊದಲು, ಟ್ಯೂನ್ ಆಮೇಲೆ. ಹೊಗೆಯ ಬಿಸಿ ಅಳೆಯುವ ಪೈರೋಮೀಟರ್‌ನ ಮೊನೆ ಟರ್ಬೊಗಿಂತ ಮುಂಚೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲೇ ಇರಬೇಕು. ಟರ್ಬೊ ಆಚೆ ಹಾಕಿದರೆ ಬಿಸಿ ಕಡಿಮೆ ತೋರಿಸಿ ವಂಚಿಸುತ್ತದೆ. ಸಾಮಾನ್ಯ ಎಂಟನೇ ಒಂದು ಇಂಚಿನ ಎನ್‌ಪಿಟಿ (ಕೊಳವೆಗಳ ಅಮೆರಿಕನ್ ಅಳತೆ) ತಿರುಪಿನ ಎಳೆಗೆ 11/32 ಇಂಚಿನ ಬೈರಿಗೆ ಸಾಕು. ಬೈರಿಗೆಗೂ ಟ್ಯಾಪ್‌ಗೂ ದಪ್ಪ ಗ್ರೀಸ್ ಮೆತ್ತಿ, ಸ್ವಲ್ಪ ಸ್ವಲ್ಪವೇ ತಿರುಗಿಸಿ ತೆಗೆದು ಒರೆಸುತ್ತಿರಬೇಕು. ಎರಕದ ಕಬ್ಬಿಣವಾದ್ದರಿಂದ ಉಳಿದ ಪುಡಿಯನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ. ಒಳಗುಳಿದ ಚೂರು ನೇರ ಟರ್ಬೈನ್ ರೆಕ್ಕೆಗೆ ಹೋಗುತ್ತದೆ. ಭಾರ ಎಳೆಯುವಾಗ ನಿರಂತರ 1250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 677 ಸೆಲ್ಸಿಯಸ್ ದಾಟದಂತೆ ಕಾಲು ಎತ್ತುವುದು ರೂಢಿ.

ಫ್ಲ್ಯಾಶ್ ಮಾಡುವಾಗ ಎಂಜಿನ್ ಆರಿಸಿ, ಕೀಲಿ ಆನ್ ಇಟ್ಟು ಮಾಡುತ್ತಾರೆ. ಮೊದಲು ಇರುವ ದೋಷ ಕೋಡ್‌ಗಳನ್ನು ಓದಿ ಸರಿಪಡಿಸಬೇಕು. ಅಡಗಿದ ದೋಷದ ಮೇಲೆ ಟ್ಯೂನ್ ಹಾಕಿದರೆ ಬೈಗುಳ ಟ್ಯೂನರ್‌ಗೆ ಬೀಳುತ್ತದೆ. ಬ್ಯಾಟರಿಗಳು 12.5 ವೋಲ್ಟ್‌ಗಿಂತ ಕೆಳಗಿದ್ದರೆ ಚಾರ್ಜರ್ ಹಚ್ಚಿಡಿ. ಬ್ಲೋವರ್, ರೇಡಿಯೊ, ಟ್ರೈಲರ್ ದೀಪ ಎಲ್ಲ ಆಫ್, ಕೈಪಿಡಿ ಹೇಳಿದ ಫ್ಯೂಸ್ ಇದ್ದರೆ ಅದೂ ಹೊರಗೆ. ಮಧ್ಯದಲ್ಲಿ ವೋಲ್ಟೇಜ್ ಕುಸಿದರೆ ಇಸಿಎಂ ಅರ್ಧ ಬರೆದ ಫೈಲಿನೊಂದಿಗೆ ನಿಂತುಹೋಗುತ್ತದೆ, ಗಾಡಿ ಟೋ ಲಾರಿಯ ಮೇಲೇರುತ್ತದೆ. ಟ್ಯೂನರ್ ಮೊದಲು ಕಾರ್ಖಾನೆಯ ಫೈಲನ್ನು ತನ್ನೊಳಗೆ ಉಳಿಸಿಕೊಳ್ಳುತ್ತದೆ, ಹೆಚ್ಚಿನವು ಅದರೊಂದಿಗೆ ಆ ಗಾಡಿಯ ಗುರುತಿನ ವಿನ್ ಸಂಖ್ಯೆಗೆ ಬೀಗ ಹಾಕಿಕೊಳ್ಳುತ್ತವೆ. ಆಮೇಲೆ ಒಂದು ಖಾಲಿ ಓಟ, ಒಂದು ಭಾರದ ಓಟ. ಕೇಳಿದ ರೈಲ್ ಒತ್ತಡಕ್ಕೂ ಸಿಕ್ಕ ಒತ್ತಡಕ್ಕೂ ಎಳೆತದಲ್ಲಿ ಅಂತರ ಹಿಗ್ಗುತ್ತಾ ಹೋದರೆ ಫಿಲ್ಟರ್ ಅಥವಾ ಪಂಪ್ ಸೋಲುತ್ತಿದೆ ಎಂದರ್ಥ.

ಡೀಲರ್ ಬಳಿ ಹೋಗುವ ದಿನವೇ ಹೆಚ್ಚಿನವರು ಎಡವುವುದು. ಅಲ್ಲಿ ಇಸಿಎಂಗೆ ಹೊಸ ಸಾಫ್ಟ್‌ವೇರ್ ಬಿದ್ದರೆ ಟ್ಯೂನ್ ಅಳಿಸಿಹೋಗುತ್ತದೆ, ಆದರೆ ಟ್ಯೂನರ್ ಇನ್ನೂ ಆ ಗಾಡಿಗೆ ಬೀಗ ಹಾಕಿಕೊಂಡೇ ಇರುತ್ತದೆ. ಅದರೊಳಗಿನ ಹಳೆಯ ಫೈಲಿಗೂ ಗಾಡಿಯ ಹೊಸ ಆವೃತ್ತಿಗೂ ತಾಳೆಯಾಗದು, ಬಿಡಿಸಲು ತಯಾರಕರಿಗೇ ಫೋನ್ ಹಚ್ಚಬೇಕಾಗುತ್ತದೆ. ಅದಕ್ಕೇ ಮೊದಲೇ ಮೂಲ ಫೈಲ್ ಹಿಂದಿರುಗಿಸಿ ಹೋಗಬೇಕು. ಹಿಂದಿರುಗಿಸಿದರೂ ಎಲ್ಲ ಮುಚ್ಚಿಹೋಗುತ್ತದೆ ಎಂದುಕೊಳ್ಳುವಂತಿಲ್ಲ. ಡ್ಯೂರಾಮ್ಯಾಕ್ಸ್‌ನಲ್ಲಿ ದೊಡ್ಡ ರಿಪೇರಿಗೆ ವಾರಂಟಿ ಕೇಳಿದಾಗ ಡೀಲರ್ ಇಸಿಎಂನ ಪರಿಶೀಲನಾ ಸಂಖ್ಯೆ ಓದಿ ಕಾರ್ಖಾನೆಯ ಪಟ್ಟಿಗೆ ಹೋಲಿಸುತ್ತಾರೆ. 2017ರಿಂದ ಬಂದ ಎಲ್5ಪಿಯಲ್ಲಿ ಜಿಎಂ ಇಸಿಎಂಗೆ ಗೂಢಲಿಪಿಯ ಬೀಗ ಜಡಿದಿದೆ, ಟ್ಯೂನ್ ಬೇಕೆಂದವರು ಇಸಿಎಂ ಬಿಚ್ಚಿ ಪಾರ್ಸೆಲ್ ಕಳಿಸಿ ಬೀಗ ತೆಗೆಸಿಕೊಳ್ಳುವುದೋ, ಬೀಗ ತೆಗೆದ ಬೇರೊಂದನ್ನು ಕೊಳ್ಳುವುದೋ ಎಂಬಲ್ಲಿಗೆ ಬಂದು ನಿಂತಿದೆ.